ಕಾಫ್ಕಾನ ಬಾಕಿ ಲೆಕ್ಕ

ಸಾಗರದ ಕನ್ನಡ ಶಾಲೆಯಿಂದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ ಬಂದು ಬಿದ್ದವರಿಗೆ ಇಂಗ್ಲಿಷ್ ಎಂದರೆ ಮೂರು ಬಗೆಯ ಭಯ. ಓದುವ ಭಯ ಬೇಗ ಹೋಗುತ್ತದೆ. ಬರೆಯುವ ಭಯ ನಿಧಾನಕ್ಕೆ ಹೋಗುತ್ತದೆ. ಮಾತಾಡುವ ಭಯ ಹೋಯಿತೆಂದು ನಾವೇ ಹೇಳಿಕೊಂಡು ತಿರುಗುತ್ತೇವೆ. ಅಂಥ ಹೊತ್ತಿನಲ್ಲಿ ನನಗೆ ಒದಗಿಬಂದದ್ದು ಲ್ಯಾಬಿನ ಕಪ್ಪು ಪರದೆ. ಅಲ್ಲಿ ಆಡಬೇಕಾದ ಇಂಗ್ಲಿಷಿಗೆ ವ್ಯಾಕರಣವಿಲ್ಲ, ಉಚ್ಚಾರದ ಗೊಡವೆಯಿಲ್ಲ. ಎಲ್‌ಎಸ್, ಸಿಪಿ, ಎಂವಿ, ಗ್ರೆಪ್. ಕಾನ್ವೆಂಟಿನಲ್ಲಿ ಓದಿ ಬಂದವರಿಗೂ ಇದು ನನ್ನಷ್ಟೇ ಹೊಸದು. ಗ್ರೆಪ್ ಎಂಬ ಮಾತನ್ನು ಅವರ ಮನೆಯಲ್ಲೂ ಯಾರೂ ಆಡಿರಲಿಲ್ಲ. ಹೇಳಿದ್ದು ಸರಿಯಿದ್ದರೆ ಯಂತ್ರ ಕೆಲಸ ಮುಗಿಸಿ ಸುಮ್ಮನಾಗುತ್ತಿತ್ತು. ತಪ್ಪಿದ್ದರೆ ತಪ್ಪೆನ್ನುತ್ತಿತ್ತು. ಪಕ್ಕದವನ ಕಡೆ ತಿರುಗಿ ನಗುತ್ತಿರಲಿಲ್ಲ.

ಆ ಮಾತುಗಳೆಲ್ಲ ಏಕಿಷ್ಟು ಮೊಟಕು ಎಂಬುದು ಆಮೇಲೆ ತಿಳಿಯಿತು. 1969ರಿಂದೀಚೆಗೆ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಆ ಆಜ್ಞೆಗಳ ತವರಾದ ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟುತ್ತಿದ್ದಾಗ ಅವರು ಆಜ್ಞೆ ಬರೆಯುತ್ತಿದ್ದದ್ದು ಪರದೆಯ ಮೇಲಲ್ಲ. ಬರೆಯಲು ಇದ್ದದ್ದು ಟೆಲಿಟೈಪ್ 33 ಎಂಬ ಗಡಗಡ ಯಂತ್ರ. ಕೀಲಿಗಳನ್ನು ಬೆರಳಿನ ಬಲ ಹಾಕಿ ಒತ್ತಬೇಕು. ಉತ್ತರ ಸೆಕೆಂಡಿಗೆ ಹತ್ತೇ ಅಕ್ಷರದಂತೆ ಕಾಗದದ ಮೇಲೆ ಮೂಡಬೇಕು. ಹೀಗಿರುವಾಗ ಯಾರು ತಾನೇ ಉದ್ದುದ್ದ ಬರೆದಾರು? ಕ್ರಿಯೇಟ್ ಎಂಬ ಪದದ ಕೊನೆಯ 'ಇ' ಅಕ್ಷರವನ್ನೂ ಅವರು ಉಳಿಸಲಿಲ್ಲ. ಮತ್ತೊಮ್ಮೆ ಯೂನಿಕ್ಸ್ ಬರೆದರೆ ಏನು ಬದಲಾಯಿಸುತ್ತೀರಿ ಎಂದು ಕೇಳಿದ್ದಕ್ಕೆ, ಆ 'ಇ' ಸೇರಿಸುತ್ತೇನೆ ಎಂದರಂತೆ ಥಾಂಪ್ಸನ್. ಜಿಪುಣರಿಗೂ ಪಶ್ಚಾತ್ತಾಪ ಇರುತ್ತದೆ.

ಇಂದು ನನಗೆ ಅನ್ನ ಹಾಕುವ ಆಜ್ಞೆಗಳಿಗೆ ಆ ಜಿಪುಣತನ ಬಂದಿಲ್ಲ. ನಾನು ನೋಡಿಕೊಳ್ಳುವುದು ಕಾಫ್ಕಾ ಎಂಬ ದತ್ತಾಂಶ ಹರಿವಿನ ವ್ಯವಸ್ಥೆಯನ್ನು, ಅಂದರೆ ಜತೆಯಾಗಿ ದುಡಿಯುವ ಒಂದಷ್ಟು ಸರ್ವರುಗಳ ಗುಂಪನ್ನು. ಲಿಂಕ್ಡ್‌ಇನ್ ಕಂಪನಿಯಲ್ಲಿ ಜೇ ಕ್ರೆಪ್ಸ್, ನೇಹಾ ನಾರ್ಖೆಡೆ, ಜುನ್ ರಾವ್ ಇದನ್ನು ಕಟ್ಟಿದರು. 2011ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಜಾಲತಾಣಕ್ಕೆ ಬಂದವರು ಎಲ್ಲಿ ಒತ್ತಿದರು, ಏನು ನೋಡಿದರು ಎಂಬ ಪ್ರವಾಹವನ್ನು ಹತ್ತಾರು ಕಡೆಗೆ ಹಂಚುವುದು ಅವರ ತಲೆನೋವಾಗಿತ್ತು.

ಇದನ್ನು ಅಪ್ಪನಿಗೆ ವಿವರಿಸುವುದು ನನಗೆ ಕಷ್ಟವಾಗಲಿಲ್ಲ. ಅವರು ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಮಂಡಿಯ ಕಿರ್ದಿ ಪುಸ್ತಕದಲ್ಲಿ ಬಂದದ್ದನ್ನು ಬಂದ ಹಾಗೆ, ಒಂದರ ಕೆಳಗೊಂದು ಬರೆಯಬೇಕು. ಅಳಿಸುವಂತಿಲ್ಲ, ನಡುವೆ ತುರುಕುವಂತಿಲ್ಲ. ತಪ್ಪಾಗಿದ್ದರೆ ತಿದ್ದುಪಡಿಯನ್ನು ಕೊನೆಯಲ್ಲೇ ಹೊಸ ಸಾಲಾಗಿ ಬರೆಯಬೇಕು. ಕಮಿಷನ್ ಲೆಕ್ಕದವನು, ಲಾರಿ ಲೆಕ್ಕದವನು, ಸಾಹುಕಾರರು ಎಲ್ಲರೂ ಅದೇ ಪುಸ್ತಕವನ್ನು ತಮ್ಮ ಪಾಡಿಗೆ ಓದುತ್ತಾರೆ. ಯಾರು ಎಲ್ಲಿವರೆಗೆ ಓದಿದ್ದಾರೋ ಅಲ್ಲಿ ಅವರವರ ಗುರುತು. ಕಾಫ್ಕಾ ಮಾಡುವುದೂ ಇಷ್ಟೇ. ಪುಸ್ತಕಕ್ಕೆ ಇಲ್ಲಿ ಟಾಪಿಕ್ ಎನ್ನುತ್ತಾರೆ, ಗುರುತಿಗೆ ಆಫ್‌ಸೆಟ್. ಓದುಗರ ಗುರುತುಗಳನ್ನು ಬರೆದಿಡಲು ಇನ್ನೊಂದು ಟಾಪಿಕ್ಕನ್ನೇ ಇಟ್ಟಿದ್ದಾರೆಂದು ಕೇಳಿ ಅಪ್ಪ, “ಅದು ಬುದ್ಧಿವಂತಿಕೆ” ಎಂದು ತಲೆದೂಗಿದರು.

ಹೆಸರು ಮಾತ್ರ ಅವರಿಗೆ ಅರ್ಥವಾಗಲಿಲ್ಲ. ಬರೆಯುವುದರಲ್ಲೇ ಪಳಗಿದ ವ್ಯವಸ್ಥೆಗೆ ಒಬ್ಬ ಬರಹಗಾರನ ಹೆಸರಿಡೋಣವೆಂದು ಜೇ ಕ್ರೆಪ್ಸ್ ತನಗಿಷ್ಟದ ಫ್ರಾಂಜ್ ಕಾಫ್ಕಾನನ್ನು ಆರಿಸಿಕೊಂಡರು. ಆ ಕಾಫ್ಕಾನೂ ಕಚೇರಿಯ ಮನುಷ್ಯನೇ. ಪ್ರಾಗ್ ನಗರದ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ 1908ರಿಂದ 1922ರವರೆಗೆ ದುಡಿದ. ಹಗಲು ಗಾಯಾಳುಗಳ ಕಡತ, ರಾತ್ರಿ ಕಥೆ. ತಾನು ಸತ್ತ ಮೇಲೆ ಹಸ್ತಪ್ರತಿಗಳನ್ನೆಲ್ಲ ಸುಟ್ಟುಬಿಡು ಎಂದು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದಿಟ್ಟಿದ್ದ. ಬ್ರಾಡ್ ಸುಡಲಿಲ್ಲ, ಅಚ್ಚು ಹಾಕಿಸಿದ. ನಮ್ಮ ಕಾಫ್ಕಾ ಅಂಥ ಗೆಳೆಯನಲ್ಲ. ಬೇರೆ ಏನೂ ಹೇಳದಿದ್ದರೆ 168 ಗಂಟೆ, ಅಂದರೆ ಏಳು ದಿನ ಇಟ್ಟುಕೊಂಡು, ಆಮೇಲೆ ಹಳೆಯದನ್ನು ತಾನೇ ಬಿಸಾಕುತ್ತದೆ. ಲೇಖಕನ ಕೊನೆಯಾಸೆ ನಡೆಸಿಕೊಟ್ಟದ್ದು ಕಡೆಗೂ ಒಂದು ಸಾಫ್ಟ್‌ವೇರು.

ಇದರೊಡನೆ ವ್ಯವಹರಿಸಲು ಒಂದು ಕಟ್ಟು ಆಜ್ಞೆಗಳಿವೆ. ಕಾಫ್ಕಾ-ಟಾಪಿಕ್ಸ್ ಎಂಬುದು ಟಾಪಿಕ್ ಹುಟ್ಟಿಸುತ್ತದೆ, ಪಟ್ಟಿ ಕೊಡುತ್ತದೆ, ಕೊಲ್ಲುತ್ತದೆ. ಪ್ರತಿ ಟಾಪಿಕ್ಕನ್ನೂ ಪಾರ್ಟಿಶನ್ ಎಂಬ ಭಾಗಗಳಾಗಿ ಹಂಚಿರುತ್ತಾರೆ. ಅವನ್ನು ಹೆಚ್ಚಿಸಬಹುದು, ತಗ್ಗಿಸಲಾಗದು. ಮನೆ ಪಾಲಾದ ಮೇಲೆ ಅಣ್ಣತಮ್ಮಂದಿರು ಮತ್ತೆ ಒಂದಾಗುವುದಿಲ್ಲವಲ್ಲ, ಹಾಗೆ. ಈ ಆಜ್ಞೆಗಳೆಲ್ಲ ಜಾವಾ ಭಾಷೆಯ ಕೂಸುಗಳಾದ್ದರಿಂದ ಸಣ್ಣದೊಂದು ಪ್ರಶ್ನೆಗೂ ಮೊದಲು ಇಡೀ ಜಾವಾ ಯಂತ್ರ ಎದ್ದು ಮೈಮುರಿಯಬೇಕು, ಆಮೇಲೆ ಉತ್ತರ. ಅವಸರವಿದ್ದಾಗ ನಾನು ಕೆಕ್ಯಾಟ್ ಬಳಸುತ್ತೇನೆ. ಮ್ಯಾಗ್ನಸ್ ಎಡೆನ್‌ಹಿಲ್ ಸಿ ಭಾಷೆಯಲ್ಲಿ ಬರೆದ ಈ ಚುರುಕು ಸಲಕರಣೆಗೆ ಮೊದಲು ಕಾಫ್ಕಾಕ್ಯಾಟ್ ಎಂಬ ಹೆಸರಿತ್ತು. ಟ್ರೇಡ್‌ಮಾರ್ಕಿನ ನಿಯಮಕ್ಕೆ ತಲೆಬಾಗಿ 2021ರಲ್ಲಿ ಅರ್ಧ ಹೆಸರು ಕಳೆದುಕೊಂಡಿತು. ಥಾಂಪ್ಸನ್‌ಗೆ ಖುಷಿಯಾಗಿರಬೇಕು.

ನಾನು ಅತಿ ಹೆಚ್ಚು ಬಾರಿ ಬರೆಯುವ ಆಜ್ಞೆ ಕಾಫ್ಕಾ-ಕನ್ಸ್ಯೂಮರ್-ಗ್ರೂಪ್ಸ್. ಡಿಸ್ಕ್ರೈಬ್ ಎಂದರೆ ಪ್ರತಿ ಓದುಗನ ಜಾತಕ ಬಿಚ್ಚುತ್ತದೆ: ಪುಸ್ತಕ ಎಲ್ಲಿವರೆಗೆ ಬಂದಿದೆ, ಇವನು ಎಲ್ಲಿದ್ದಾನೆ, ನಡುವಿನ ಅಂತರ ಎಷ್ಟು. ಆ ಅಂತರಕ್ಕೆ ಲ್ಯಾಗ್ ಎಂಬ ಹೆಸರು. ಊರಿಂದ ಬಂದಿದ್ದ ಅಪ್ಪ ಒಂದು ರಾತ್ರಿ ನನ್ನ ಹಿಂದೆ ನಿಂತು ನೋಡಿದರು.

“ಎಂತದು ಮಾರಾಯ ಇದು, ಚಿತ್ರ-ಗಿತ್ರ ಎಂತದೂ ಇಲ್ಲ?”

“ಇದೇ ಅಪ್ಪ ನನ್ನ ಆಫೀಸು.”

ಅವರು ಕನ್ನಡಕ ಏರಿಸಿ ಅಂಕಿಗಳ ಮೇಲೆ ಬೆರಳಾಡಿಸಿದರು. “ಈ ಸಾಲು ಬಾಕಿಯಾ?”

ಹೌದೆಂದೆ. ನಮ್ಮ ಆಫೀಸಿಗೆ ಹೊಸದಾಗಿ ಸೇರುವವರಿಗೆ ಅರ್ಧ ದಿನ ಬೋಧಿಸಬೇಕಾದ್ದನ್ನು ಅವರು ನಿಂತಲ್ಲೇ ಹಿಡಿದಿದ್ದರು.

“ಸೊನ್ನೆ ಆದ್ರೆ ನಿಂಗೆ ರಜಾನಾ?”

“ಸೊನ್ನೆ ಆಗ್ಲೇಬೇಕು ಅಂತಿಲ್ಲ ಅಪ್ಪ. ಏರ್ತಾ ಹೋಗ್ಬಾರ್ದು, ಅಷ್ಟೇ.”

“ನಮ್ಮ ಮಂಡಿಲೂ ಅಷ್ಟೇಯ” ಎಂದು ಮಲಗಲು ಹೋದರು.

ಅದೇ ಆಜ್ಞೆಗೆ ಇನ್ನೊಂದು ಶಕ್ತಿಯಿದೆ. ರಿಸೆಟ್-ಆಫ್‌ಸೆಟ್ಸ್ ಎಂದರೆ ಓದುಗನ ಗುರುತನ್ನು ಕಿತ್ತು ಹಿಂದಕ್ಕೋ ಮುಂದಕ್ಕೋ ನೆಡಬಹುದು. ನಿನ್ನೆಯದನ್ನೆಲ್ಲ ಮತ್ತೆ ಓದಿಸಬಹುದು. ಓದದೇ ಉಳಿದದ್ದನ್ನು ಓದಿದ ಹಾಗೆ ದಾಟಿಸಲೂಬಹುದು. ಇಷ್ಟು ಅಪಾಯದ ಕೆಲಸವಾದ್ದರಿಂದ ಇದಕ್ಕೆ ಒಂದು ಸಭ್ಯತೆ ಕಲಿಸಿದ್ದಾರೆ. ಓದುಗ ಕೆಲಸದಲ್ಲಿ ತೊಡಗಿದ್ದರೆ ಮುಟ್ಟುವುದಿಲ್ಲ. ನೀವು ಎಕ್ಸಿಕ್ಯೂಟ್ ಎಂದು ಬಾಯಿಬಿಟ್ಟು ಹೇಳದಿದ್ದರೆ, ಹೇಳಿದ್ದರೆ ಏನಾಗುತ್ತಿತ್ತು ಎಂದು ತೋರಿಸಿ ಕೈಕಟ್ಟಿ ನಿಲ್ಲುತ್ತದೆ. ಟಾಪಿಕ್ ಅಳಿಸುವ ಆಜ್ಞೆಗೆ ಈ ಸಂಸ್ಕಾರವಿಲ್ಲ. ಖಚಿತವೇ ಎಂದು ಕೇಳದೆ ಅಳಿಸಲು ಹೊರಡುತ್ತದೆ. ಮತ್ತೆ ಓದಿಸುವವನು ವಿನಯಿ, ಕೊಲ್ಲುವವನು ಒರಟ; ಒಂದೇ ಮನೆಯ ಮಕ್ಕಳು.

ಬಹುಕಾಲ ಇವರೆಲ್ಲರ ಮೇಲೆ ಜೂಕೀಪರ್ ಎಂಬ ಯಜಮಾನನಿದ್ದ. ಯಾಹೂ ಕಂಪನಿಯಲ್ಲಿ ಹುಟ್ಟಿದ ಬೇರೆಯದೇ ಸಾಫ್ಟ್‌ವೇರ್. ಯಾವ ಸರ್ವರ್ ಬದುಕಿದೆ, ಯಾವುದು ಮುಖ್ಯಸ್ಥ ಎಂಬ ಲೆಕ್ಕ ಅವನ ಬಳಿ. ಟಾಪಿಕ್ಕುಗಳ ಪಟ್ಟಿ ಕೇಳಬೇಕಾದರೂ ಅವನ 2181ನೇ ಬಾಗಿಲು, ಅಂದರೆ ಪೋರ್ಟ್, ಬಡಿಯಬೇಕಿತ್ತು. 2021ರ 3.0 ಆವೃತ್ತಿಯಲ್ಲಿ ಟಾಪಿಕ್ ಆಜ್ಞೆಯಿಂದ ಅವನ ಹೆಸರು ತೆಗೆದರು. 2025ರ ಮಾರ್ಚಿನಲ್ಲಿ ಬಂದ 4.0ರಲ್ಲಿ ಅವನನ್ನೇ ಮನೆಯಿಂದ ಕಳಿಸಿದರು. ಈಗ ನೇರ ಕಾಫ್ಕಾನದೇ 9092ನೇ ಬಾಗಿಲಿಗೆ ಹೋದರಾಯಿತು. ಒಳ್ಳೆಯದೇ ಆಯಿತೆಂದು ತಲೆ ಒಪ್ಪುತ್ತದೆ, ಬೆರಳು ಮಾತ್ರ ನಡುರಾತ್ರಿಯ ನಿದ್ದೆಗಣ್ಣಲ್ಲಿ ಇನ್ನೂ ಎರಡು-ಒಂದು-ಎಂಟು ಎಂದು ಶುರುಮಾಡುತ್ತದೆ.

ಈಗಿನವರಿಗೆ ಬಣ್ಣದ ಬೋರ್ಡುಗಳಿವೆ. ಬಾಕಿ ಏರಿದರೆ ಕೆಂಪು, ಇಳಿದರೆ ಹಸಿರು, ಒತ್ತಲು ಗುಂಡಿಗಳು. ನಾನು ಅವನ್ನು ಹೀಗಳೆಯುವುದಿಲ್ಲ. ಒಟ್ಟು ನೋಟಕ್ಕೆ ಅದೇ ವಾಸಿ. ಆದರೆ ಗುಂಡಿ ಒತ್ತಿದವನು ಏನು ಮಾಡಿದನೆಂದು ಮರುದಿನ ಅವನಿಗೇ ಹೇಳಲಾಗುವುದಿಲ್ಲ. ಬರೆದ ಆಜ್ಞೆ ಟರ್ಮಿನಲ್ಲಿನ ಹಿಸ್ಟರಿಯಲ್ಲಿ ಅಕ್ಷರಶಃ ಕೂತಿರುತ್ತದೆ. ಅದನ್ನು ಇನ್ನೊಬ್ಬರಿಗೆ ಕಳಿಸಲೂಬಹುದು, ಅಲ್ಲೊಂದು ಹೊಸ ತೊಡಕಿದೆ ಅಷ್ಟೆ. ಆಜ್ಞೆಯೊಳಗಿನ ಡಿಸ್ಕ್ರೈಬ್ ಥರದ ಮಾತುಗಳ ಮುಂದೆ ಎರಡು ಅಡ್ಡಗೆರೆ ಹಾಕಬೇಕು. ಕೆಲವು ಫೋನುಗಳು ಅವನ್ನು ಕಂಡರೆ ಸಾಹಿತ್ಯವೆಂದು ಭ್ರಮಿಸಿ ಅವನ್ನು ಒಂದೇ ಉದ್ದಗೆರೆ ಮಾಡಿಬಿಡುತ್ತವೆ. ಕಾಫ್ಕಾಕ್ಕೆ ಆ ಗೆರೆ ತಿಳಿಯದು. ಮೊನ್ನೆ ಹೈದರಾಬಾದಿನಲ್ಲಿ ಪಾಳಿಯಲ್ಲಿದ್ದ ಹುಬ್ಬಳ್ಳಿಯ ಸಹೋದ್ಯೋಗಿಯೊಬ್ಬರು ನಾನು ಫೋನಿನಿಂದ ಕಳಿಸಿದ್ದನ್ನು ಅಂಟಿಸಿ, ಎರರ್ ಬಂತೆಂದು ಕರೆ ಮಾಡಿದರು.

“ಅಳಿಸಿಬಿಡಿ, ನಾನು ಹೇಳ್ತೀನಿ, ನೀವೇ ಟೈಪ್ ಮಾಡಿ. ಅಡ್ಡಗೆರೆ.”

“ಹೂಂ ರೀ.”

“ಇನ್ನೊಂದು ಅಡ್ಡಗೆರೆ. ನಡುವೆ ಜಾಗ ಬಿಡ್ಬೇಡಿ.”

“ಬಿಟ್ಟಿಲ್ರೀ. ಮುಂದ?”

“ಡಿಸ್ಕ್ರೈಬ್. ಎಲ್ಲಾ ಸಣ್ಣಕ್ಷರ.”

“ಹೊಡದೆ. ತಡೀರಿ, ಜಾವಾ ಏಳಾಕತ್ತೈತಿ.”