ಮಾರಲೊಲ್ಲದವರ ಮನೆಬಾಗಿಲಲ್ಲಿ

ಹಣವೆಂದರೆ ಹೆಣವೂ ಬಾಯಿ ಬಿಡುತ್ತದೆ ಎಂದು ಕನ್ನಡದ ಗಾದೆ. ಸಂತೆಯ ನಡುವೆ ನಿಂತು ನೋಡಿದವರು ಈ ಮಾತನ್ನು ಸುಳ್ಳೆನ್ನಲಾರರು. ಆದರೆ ಈ ಗಾದೆಗೆ ಮಣಿಯದ ವ್ಯಾಪಾರವೊಂದಿದೆ. ಅಲ್ಲಿ ಕೊಳ್ಳುವವನು ಹಣ ಹಿಡಿದು ನಿಂತಿರುತ್ತಾನೆ, ವಸ್ತು ಕಣ್ಣೆದುರಿಗೇ ಇರುತ್ತದೆ, ಅದರ ಒಡೆಯನೂ ಎದುರಿಗೇ ಇರುತ್ತಾನೆ. ಬಂದವನನ್ನು ಕೂರಿಸಿ ಉಪಚರಿಸುತ್ತಾನೆ, ವಸ್ತುವನ್ನು ಹೊರತೆಗೆದು ತೋರಿಸುತ್ತಾನೆ, ಅದರ ಕಥೆಯನ್ನೂ ಹೇಳುತ್ತಾನೆ. ಬೆಲೆಯ ಮಾತು ಬಂದೊಡನೆ ಮಾತ್ರ ನಕ್ಕು, "ಇದು ಮಾರುವುದಕ್ಕಲ್ಲ" ಎಂದುಬಿಡುತ್ತಾನೆ. ಕೆನಡಾ ದೇಶದಲ್ಲಿ ಹಳೆಯ ಹಾಕಿ ಕಾರ್ಡುಗಳನ್ನು ಅರಸಿ ತಿರುಗುವ ಸಂಗ್ರಾಹಕನಿಗೆ ಇಷ್ಟು ಪರಿಚಿತವೂ ಇಷ್ಟು ಕಹಿಯೂ ಆದ ಮಾತು ಬೇರೊಂದಿಲ್ಲ.

ಕೆನಡಾದಲ್ಲಿ ಹಾಕಿ ಎಂದರೆ ಹುಲ್ಲಿನ ಮೈದಾನದ ಆಟವಲ್ಲ. ಕಾಲಿಗೆ ಉಕ್ಕಿನ ಅಲಗುಳ್ಳ ಬೂಟು ತೊಟ್ಟು, ಚಪ್ಪಟೆಯಾದ ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಅಟ್ಟುತ್ತ, ಮಂಜುಗಡ್ಡೆಯ ಮೇಲೆ ಜಾರಿಕೊಂಡು ಆಡುವ ಆಟ ಅದು. ದೀರ್ಘವಾದ ಚಳಿಗಾಲದಲ್ಲಿ ಕೆರೆಕುಂಟೆಗಳು ಹೆಪ್ಪುಗಟ್ಟಿದಾಗ ಊರಿನ ಮಕ್ಕಳೆಲ್ಲ ಅಲ್ಲಿರುತ್ತಾರೆ. ಆ ಆಟದ ವೀರರ ಚಿತ್ರಗಳನ್ನು ಅಂಗೈಯಗಲದ ರಟ್ಟಿನ ಮೇಲೆ ಅಚ್ಚುಹಾಕಿ ಹಂಚುವ ವಾಡಿಕೆ ಶುರುವಾಗಿ ನೂರಕ್ಕೂ ಹೆಚ್ಚು ವರ್ಷಗಳಾದವು. ಮೊದಲು ಹಂಚಿದವರು ತಂಬಾಕಿನ ವ್ಯಾಪಾರಿಗಳು. 1910-11ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿಯ ಸಿಗರೇಟು ಪೊಟ್ಟಣಗಳಲ್ಲಿ 36 ಬಣ್ಣದ ಕಾರ್ಡುಗಳ ಒಂದು ಮಾಲೆ ಬಂದಿತು. ಮರುವರ್ಷ 45 ಕಾರ್ಡುಗಳ ಇನ್ನೊಂದು. ಆ ಎರಡನೆಯ ಮಾಲೆಯ 38ನೆಯ ಕಾರ್ಡಿನಲ್ಲಿರುವವನು ಜಾರ್ಜ್ ವೆಜಿನಾ. ಅಮೆರಿಕ ಖಂಡದ ಅಗ್ರ ಹಾಕಿ ಲೀಗಿನಲ್ಲಿ ಅತ್ಯುತ್ತಮ ಗೋಲ್‌ಕೀಪರನಿಗೆ ಕೊಡುವ ಪಾರಿತೋಷಕ ಇಂದಿಗೂ ಅವನ ಹೆಸರಿನಲ್ಲಿಯೇ ಇದೆ. ತಂಬಾಕಿನ ಬಳಿಕ ಮಿಠಾಯಿಯವರು ಬಂದರು, ಅವರ ಬಳಿಕ ಚ್ಯೂಯಿಂಗ್ ಗಮ್ ತಯಾರಕರು. ಹಿರಿಯರ ಜೇಬಿನಿಂದ ಕಾರ್ಡುಗಳು ಮಕ್ಕಳ ಜೇಬಿಗೆ ಇಳಿದವು.

ಈ ಕಾರ್ಡುಗಳನ್ನು ಮಾಡಿದವರಿಗೆ ಆಟದ ಇತಿಹಾಸ ಉಳಿಸುವ ಉದ್ದೇಶವೇನೂ ಇರಲಿಲ್ಲ. ಸರಕು ಖರ್ಚಾದರೆ ಸಾಕಿತ್ತು. ಅದಕ್ಕಾಗಿ ಅವರು ಮಾಡಿದ ಜಾಣತನ ಒಂದೇ: ಪ್ರತಿ ಕಾರ್ಡಿಗೂ ಸಂಖ್ಯೆ ಹಾಕಿದರು. ಸಂಖ್ಯೆಯಿಲ್ಲದ ಚಿತ್ರ ಕೇವಲ ಚಿತ್ರ. ಕಂಡಾಗ ಸಂತೋಷ, ಕಳೆದರೆ ಮರೆವು. ಸಂಖ್ಯೆ ಬಿದ್ದೊಡನೆ ಅದಕ್ಕೆ ಹಿಂದಿನದೊಂದು, ಮುಂದಿನದೊಂದು ಇರುತ್ತದೆ. ಹನ್ನೊಂದೂ ಹದಿಮೂರೂ ಕೈಯಲ್ಲಿದ್ದ ಮಗುವಿಗೆ ಹನ್ನೆರಡು ಇಲ್ಲವೆಂಬುದು ಅರಿವಾಗುತ್ತದೆ. ಇಲ್ಲದಿರುವುದನ್ನು ಕಾಣುವ ಕಣ್ಣು ಒಮ್ಮೆ ತೆರೆದರೆ ಮತ್ತೆ ಮುಚ್ಚುವುದು ಕಷ್ಟ. ಭಾರತದಲ್ಲಿಯೂ ಬಬ್ಬಲ್ ಗಮ್ ಜೊತೆಗೆ ಬಂದ ಕ್ರಿಕೆಟ್ ಆಟಗಾರರ ಚಿತ್ರಗಳನ್ನು ಕೂಡಿಟ್ಟ, ಅಂಚೆಚೀಟಿ ಮತ್ತು ಬೆಂಕಿಪೆಟ್ಟಿಗೆಯ ಚಿತ್ರಗಳನ್ನು ಹಳೆಯ ನೋಟುಪುಸ್ತಕಕ್ಕೆ ಅಂಟಿಸಿದ ಮಕ್ಕಳು ಇಂದು ತಂದೆತಾಯಿಗಳಾಗಿದ್ದಾರೆ. ಅವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಈ ಜಾಣತನದ ಪರಾಕಾಷ್ಠೆಯನ್ನು ನೋಡಬೇಕಾದರೆ ಆಂಟೇರಿಯೊ ಪ್ರಾಂತದ ಬ್ರ್ಯಾಂಟ್‌ಫರ್ಡ್ ಊರಿಗೆ ಹೋಗಬೇಕು. ಅಲ್ಲಿನ ವಿಲಿಯಂ ಪ್ಯಾಟರ್ಸನ್ ಎಂಬ ಮಿಠಾಯಿ ಕಂಪನಿ 1923-24ರಲ್ಲಿ 40 ಕಾರ್ಡುಗಳ ಮಾಲೆಯೊಂದನ್ನು ಹೊರತಂದಿತು. ನಲವತ್ತನ್ನೂ ಕೂಡಿಸಿ ಒಪ್ಪಿಸಿದ ಮಗುವಿಗೆ ಬಹುಮಾನ. ಎಲ್ಲರೂ ಕೂಡಿಸಿಬಿಟ್ಟರೆ ಕಂಪನಿಯ ಗತಿಯೇನು? ಹಾಗಾಗಿ ಒಂದು ಕಾರ್ಡನ್ನು ಬೇಕೆಂದೇ ಬೆರಳೆಣಿಕೆಯಷ್ಟು ಮಾತ್ರ ಬಿಟ್ಟರೆಂಬುದು ಸಂಗ್ರಾಹಕರೆಲ್ಲ ಒಪ್ಪಿಕೊಂಡ ಮಾತು. ಅದು 25ನೆಯ ಕಾರ್ಡು. ಅದರಲ್ಲಿರುವವನು ಟೊರಾಂಟೊ ತಂಡದ ರಕ್ಷಣಾ ಆಟಗಾರ ಬರ್ಟ್ ಕಾರ್ಬೊ. ಆ ಕಾಲದ ಅತಿ ದೊಡ್ಡ ತಾರೆ ಅವನಲ್ಲ. ಅದೇ ವರ್ಷ ಅಂಗಳಕ್ಕಿಳಿದು ಮುಂದೆ ದಂತಕಥೆಯಾದ ಹೋವಿ ಮೊರೆನ್ಜ್ ಕೂಡ ಅದೇ ಮಾಲೆಯಲ್ಲಿದ್ದಾನೆ. ಅವನು ಸಿಗುತ್ತಾನೆ, ಕಾರ್ಬೊ ಸಿಗುವುದಿಲ್ಲ. ಅಂದು ಮಿಠಾಯಿ ತಿಂದು ತಿಂದು ಹಲ್ಲು ಕೆಡಿಸಿಕೊಂಡ ಮಕ್ಕಳ ಬಳಿ ಮೂವತ್ತೊಂಬತ್ತು ಉಳಿದವು. ಶತಮಾನ ಕಳೆದರೂ ಈ ಮಾಲೆಯ ಹೆಚ್ಚಿನ ಸಂಗ್ರಹಗಳು ಮೂವತ್ತೊಂಬತ್ತರಲ್ಲಿಯೇ ನಿಂತಿವೆ.

ಉಳಿದ ಕಾರ್ಡುಗಳು ವಿರಳವಾದದ್ದು ಕಂಪನಿಯ ಕುತಂತ್ರದಿಂದಲ್ಲ, ಮಕ್ಕಳ ಪ್ರೀತಿಯಿಂದ. ಗೋಡೆಯ ಬುಡಕ್ಕೆ ಯಾರದು ಹತ್ತಿರ ಬೀಳುತ್ತದೆಂದು ಎಸೆದು ಆಡಿದರು. ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸೈಕಲ್ ಚಕ್ರದ ಕಡ್ಡಿಗಳಿಗೆ ತಾಗುವಂತೆ ಸಿಕ್ಕಿಸಿ, ಅದರ ಪಟಪಟ ಸದ್ದಿಗೆ ಮೋಟಾರ್ ಸೈಕಲ್ ಏರಿದಂತೆ ಹಿಗ್ಗಿದರು. ರಬ್ಬರ್ ಬ್ಯಾಂಡ್ ಬಿಗಿದು ಜೇಬಿನಲ್ಲಿಟ್ಟುಕೊಂಡು ಮೂಲೆ ಮುದುಡಿಸಿದರು. ಮಕ್ಕಳು ಬೆಳೆದು ದೂರದೂರಿಗೆ ಹೋದ ಮೇಲೆ ತಾಯಂದಿರು ಅಟ್ಟ ಗುಡಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಡುಗಳ ಅಚ್ಚು ಬಹುಮಟ್ಟಿಗೆ ನಿಂತೇಹೋಯಿತು. 1951-52ರಲ್ಲಿ ಟೊರಾಂಟೊದ ಪಾರ್ಕ್‌ಹರ್ಸ್ಟ್ ಕಂಪನಿ 105 ಕಾರ್ಡುಗಳ ಮಾಲೆಯೊಡನೆ ಮತ್ತೆ ಆರಂಭಿಸಿತು. ಗಾರ್ಡಿ ಹೋವ್, ಮೊರೀಸ್ ರಿಷಾರ್ ಎಂಬ ಮಹಾನ್ ಆಟಗಾರರ ಮೊದಲ ಕಾರ್ಡುಗಳು ಅದರಲ್ಲಿವೆ. ಮೂಲೆ ಮುರಿಯದೆ ಉಳಿದ ಪ್ರತಿಗಳು ಅವುಗಳಲ್ಲಿಯೂ ಸ್ವಲ್ಪವೇ.

ಆ ಸ್ವಲ್ಪದ ಬೆನ್ನು ಹತ್ತಿದವನೇ ಸಂಗ್ರಾಹಕ. ಅವನ ಕಿಸೆಯಲ್ಲಿ ಸದಾ ಒಂದು ಪಟ್ಟಿ. ಇರುವುದರ ಪಟ್ಟಿಯಲ್ಲ, ಇಲ್ಲದ್ದರ ಪಟ್ಟಿ. ಮೊದಲ ವರ್ಷಗಳಲ್ಲಿ ಆ ಪಟ್ಟಿ ಬೇಗಬೇಗ ಕರಗುತ್ತದೆ. ಪ್ರತಿ ಮೇಳದಿಂದ, ಪ್ರತಿ ಹಳೆಯ ಸಾಮಾನಿನ ಅಂಗಡಿಯಿಂದ ನಾಲ್ಕಾರು ಸಂಖ್ಯೆಗಳಿಗೆ ಗೀಟು ಬೀಳುತ್ತದೆ. ಬಳಿಕ ವರ್ಷಕ್ಕೆ ಒಂದೋ ಎರಡೋ. ಕೊನೆಗೆ ಎರಡು ಮೂರು ಸಂಖ್ಯೆಗಳು ಕಲ್ಲಿನಂತೆ ಕೂತುಬಿಡುತ್ತವೆ. ವಿಚಿತ್ರವೆಂದರೆ, ಅವು ಎಲ್ಲಿವೆಯೆಂದು ಅವನಿಗೆ ಗೊತ್ತು. ಯಾವ ಊರಿನ ಯಾವ ಮನೆಯಲ್ಲಿ, ಯಾವ ಕಪಾಟಿನಲ್ಲಿ ಇದೆಯೆಂದೂ ಗೊತ್ತು. ಇಲ್ಲದ ವಸ್ತುವನ್ನು ಹುಡುಕುವವನಿಗೆ ಆಸೆಯಾದರೂ ಇರುತ್ತದೆ. ಇರುವ ವಸ್ತು ದೊರೆಯದವನಿಗೆ ನಿದ್ರೆಯೂ ಇರುವುದಿಲ್ಲ.

ಮಾರಲೊಲ್ಲದವರೆಲ್ಲ ಒಂದೇ ಬಗೆಯವರಲ್ಲ. ಇನ್ನೂ ಬೆಲೆ ಏರಲಿ ಎಂದು ಕಾಯುವವನು ಒಬ್ಬ. ಅವನ ‘ಇಲ್ಲ’ ಎಂಬುದರ ಅರ್ಥ ‘ಇಂದು ಇಲ್ಲ’ ಎಂದಷ್ಟೆ. ಅವನೊಡನೆ ವ್ಯವಹಾರ ಸಾಧ್ಯ. ತಾನೂ ಅದೇ ಮಾಲೆಯನ್ನು ಪೂರ್ಣಗೊಳಿಸುತ್ತಿರುವವನು ಇನ್ನೊಬ್ಬ. ಅವನು ಕೊಟ್ಟರೆ ಈತನ ಆಲ್ಬಮ್ಮಿನ ಖಾಲಿ ಜಾಗ ಅವನ ಆಲ್ಬಮ್ಮಿಗೆ ಹೋಗುತ್ತದೆ, ಅಷ್ಟೆ. ಹಿಂದೊಮ್ಮೆ ಕಷ್ಟಕಾಲದಲ್ಲಿ ಮಾರಿ, ಇಂದಿಗೂ ಅದಕ್ಕಾಗಿ ಮರುಗುವವನು ಮೂರನೆಯವನು. ಸುಟ್ಟ ಕೈ ಮತ್ತೆ ಚಾಚುವುದಿಲ್ಲ. ನಾಲ್ಕನೆಯವನು ಎಲ್ಲರಿಗಿಂತ ಕಠಿಣ, ಏಕೆಂದರೆ ಅವನು ಸಂಗ್ರಾಹಕನೇ ಅಲ್ಲ. ಅವನಲ್ಲಿರುವುದು ಒಂದೇ ಕಾರ್ಡು. ಅದರ ಮಾಲೆ ಯಾವುದು, ಸಂಖ್ಯೆ ಯಾವುದು ಅವನಿಗೆ ತಿಳಿಯದು. ಗಣಿಯ ಕೆಲಸ ಮುಗಿಸಿ ಬಂದ ತಂದೆ ಒಂದು ಸಂಜೆ ಜೇಬಿನಿಂದ ತೆಗೆದು ಕೊಟ್ಟದ್ದೋ, ಹರೆಯದಲ್ಲಿಯೇ ತೀರಿಕೊಂಡ ಅಣ್ಣನ ಪೆಟ್ಟಿಗೆಯಲ್ಲಿ ಸಿಕ್ಕಿದ್ದೋ ಎಂಬುದು ಮಾತ್ರ ತಿಳಿದಿದೆ. ಅವನಿಗೆ ಹತ್ತು ಸಾವಿರ ಡಾಲರ್ ಎಂದರೂ ಒಂದೇ, ಇಪ್ಪತ್ತು ಸಾವಿರ ಎಂದರೂ ಒಂದೇ. ಬೆಲೆ ಕಡಿಮೆಯಾಯಿತೆಂದು ಅವನು ಒಲ್ಲೆನೆನ್ನುವುದಿಲ್ಲ; ತನ್ನಲ್ಲಿರುವುದು ಸರಕೆಂದು ಅವನಿಗೆ ಅನಿಸಿಯೇ ಇಲ್ಲ.

ಇತ್ತೀಚಿನ ವರ್ಷಗಳ ಬೆಲೆಗಳು ಈ ತೊಡಕನ್ನು ಇನ್ನಷ್ಟು ಬಿಗಿದಿವೆ. ಕಾರ್ಬೊ ಕಾರ್ಡು ಹುಟ್ಟಿದ ಅದೇ ಬ್ರ್ಯಾಂಟ್‌ಫರ್ಡಿನಲ್ಲಿ 1961ರಲ್ಲಿ ಜನಿಸಿದವನು ವೇಯ್ನ್ ಗ್ರೆಟ್ಸ್ಕಿ, ಈ ಆಟ ಕಂಡ ಅತಿ ದೊಡ್ಡ ಹೆಸರು. ಲಂಡನ್ ಎಂದೇ ಹೆಸರಿರುವ ಆಂಟೇರಿಯೊದ ಇನ್ನೊಂದು ಊರಿನ ಓ-ಪೀ-ಚೀ ಕಂಪನಿ 1979-80ರಲ್ಲಿ ಹೊರತಂದ 396 ಕಾರ್ಡುಗಳ ಮಾಲೆಯಲ್ಲಿ 18ನೆಯದು ಅವನ ಮೊದಲ ಕಾರ್ಡು. ನೀಲಿ ಅಂಚು ಬೇಗ ಸವೆಯುತ್ತದೆ. ಕತ್ತರಿಸಿದ ಬದಿಗಳು ಒರಟು. ಕಾರ್ಡುಗಳ ಸ್ಥಿತಿಯನ್ನು ಪರೀಕ್ಷಿಸಿ ಒಂದರಿಂದ ಹತ್ತರವರೆಗೆ ಅಂಕ ಕೊಡುವ ಸಂಸ್ಥೆಗಳಿವೆ. ಹತ್ತಕ್ಕೆ ಹತ್ತು ಪಡೆದ ಇದರ ಪ್ರತಿಯೊಂದು 2020ರ ಡಿಸೆಂಬರಿನಲ್ಲಿ 12.9 ಲಕ್ಷ ಅಮೆರಿಕನ್ ಡಾಲರಿಗೆ ಹೋಯಿತು. 2021ರ ಮೇ ತಿಂಗಳಲ್ಲಿ 37.5 ಲಕ್ಷಕ್ಕೆ. ಸುದ್ದಿ ಹರಡಿದೊಡನೆ ಊರೂರಿನ ಕಪಾಟುಗಳು ತೆರೆದವು, ಸಾಧಾರಣ ಕಾರ್ಡುಗಳು ರಾಶಿರಾಶಿಯಾಗಿ ಹೊರಬಂದವು. ವಿರಳವಾದವು ಮಾತ್ರ ಇನ್ನಷ್ಟು ಒಳಗೆ ಸರಿದವು. ನಿನ್ನೆಯವರೆಗೆ ನೆನಪಿಗಾಗಿ ಇಟ್ಟುಕೊಂಡವನು ಇಂದು ನೆನಪಿಗಾಗಿಯೂ ಇಟ್ಟುಕೊಳ್ಳುತ್ತಾನೆ, ನಾಳೆಯ ಬೆಲೆಗಾಗಿಯೂ ಇಟ್ಟುಕೊಳ್ಳುತ್ತಾನೆ. ಮೊದಲು ಒಂದು ಬೀಗವಿದ್ದ ಪೆಟ್ಟಿಗೆಗೆ ಈಗ ಎರಡು.

ಬರಿಗೈಯಲ್ಲಿ ಮರಳುವ ಸಂಗ್ರಾಹಕನ ಮನಸ್ಸಿನಲ್ಲಿ ಏಳುವುದು ಕೋಪವೇ. ಇವನಿಗೇಕೆ ಇದು? ಇದರ ಹಿರಿಮೆ ಇವನಿಗೇನು ಗೊತ್ತು? ತನ್ನ ಬಳಿಯಿದ್ದರೆ ಮೂವತ್ತೊಂಬತ್ತರ ನಡುವೆ ತನ್ನ ಸ್ಥಾನದಲ್ಲಿ ಕೂರುತ್ತಿತ್ತಲ್ಲವೆ? ಈ ಕೋಪವನ್ನು ಪೂರ್ತಿಯಾಗಿ ಅಲ್ಲಗಳೆಯಲಾಗದು. ಬಲ್ಲವನ ಕೈಯಲ್ಲಿ ವಸ್ತುವಿಗೆ ಅರ್ಥ ಹೆಚ್ಚು. ಆದರೂ ಅವನು ಹಿಂದಿರುಗಿ ಒಂದು ಲೆಕ್ಕ ಹಾಕಬೇಕು. ಈ ಕಾರ್ಡು ಇಂದಿನವರೆಗೆ ಬದುಕಿದ್ದು ಹೇಗೆ? ಇದರ ಜೊತೆಗೆ ಅಚ್ಚಾದವು ಸೈಕಲ್ ಚಕ್ರದಲ್ಲಿ ಹರಿದವು, ಮಳೆಯಲ್ಲಿ ನೆನೆದವು, ಕಸದ ಬುಟ್ಟಿ ಸೇರಿದವು. ಇದೊಂದು ಮಾತ್ರ ಉಳಿಯಿತು. ಯಾರೋ ಒಬ್ಬರು ಕೊಡುವುದಿಲ್ಲ ಎಂದದ್ದರಿಂದ ಉಳಿಯಿತು: ಆಟದ ಜೊತೆಗಾರನಿಗೆ ಕೊಡಲಿಲ್ಲ, ಅಟ್ಟ ಗುಡಿಸುವ ತಾಯಿಗೆ ಕೊಡಲಿಲ್ಲ, ಮನೆ ಬದಲಿಸಿದಾಗ ಬಿಟ್ಟುಹೋಗಲಿಲ್ಲ. ಇಂದು ಸಂಗ್ರಾಹಕನ ಮುಖಕ್ಕೆ ಹಿಡಿದ ‘ಇಲ್ಲ’ ಎಂಬುದು ಅದೇ ಹಳೆಯ ‘ಇಲ್ಲ’. ಬೇಡಿದವರಿಗೆಲ್ಲ ಕೊಡುವ ಕೈಯಾಗಿದ್ದರೆ ಅವನಿಗೆ ಬೇಡಲು ಇಂದು ಏನೂ ಇರುತ್ತಿರಲಿಲ್ಲ.

ಹಾಗೆಂದು ಇಟ್ಟುಕೊಂಡವನ ಪಾಲಿಗೆ ಹೊಣೆಯಿಲ್ಲವೆಂದಲ್ಲ. ನೆನಪು ಕಾರ್ಡಿನಲ್ಲಿ ಇರುವುದಿಲ್ಲ, ಮನುಷ್ಯನಲ್ಲಿ ಇರುತ್ತದೆ. ಅವನು ಹೋದರೆ ಅದೂ ಹೋಗುತ್ತದೆ. ತಂದೆ ಕೊಟ್ಟ ಸಂಜೆಯ ಕಥೆ ತಿಳಿಯದ ಮೊಮ್ಮಕ್ಕಳಿಗೆ ಅದು ಹಳೆಯ ರಟ್ಟಿನ ತುಂಡು. ಎಷ್ಟೋ ಕಾರ್ಡುಗಳು ಹೀಗೆ ಪ್ರೀತಿಯಿಂದ ಐವತ್ತು ವರ್ಷ ಬದುಕಿ, ತಿಳಿಯದೆ ಒಂದೇ ದಿನದಲ್ಲಿ ಅಳಿದಿವೆ. ಅದೃಷ್ಟ ಒಮ್ಮೊಮ್ಮೆ ಬೇರೆ ಬಗೆಯಾಗಿಯೂ ಇರುತ್ತದೆ. ಸಸ್ಕಾಚೆವಾನ್ ಪ್ರಾಂತದ ರಿಜೈನಾ ನಗರದ ಮನೆಯೊಂದರಲ್ಲಿ, ಅದೇ 1979-80ರ ಮಾಲೆಯ ಒಡೆಯದ ದೊಡ್ಡ ಪೆಟ್ಟಿಗೆಯೊಂದು ದಶಕಗಟ್ಟಲೆ ಹಾಗೆಯೇ ಇತ್ತು. ಒಳಗೆ 16 ಡಬ್ಬಿಗಳು, ಡಬ್ಬಿಗೆ 48 ಪೊಟ್ಟಣಗಳು, ಪೊಟ್ಟಣಕ್ಕೆ 14 ಕಾರ್ಡುಗಳು. ಒಟ್ಟು ಹತ್ತು ಸಾವಿರಕ್ಕೂ ಮೇಲೆ. 2024ರ ಫೆಬ್ರುವರಿಯಲ್ಲಿ ಅದು ಹರಾಜಿನಲ್ಲಿ 37.2 ಲಕ್ಷ ಡಾಲರಿಗೆ ಮಾರಾಟವಾಯಿತು. ಲೆಕ್ಕದ ಪ್ರಕಾರ ಇಪ್ಪತ್ತೈದಕ್ಕೂ ಹೆಚ್ಚು ಗ್ರೆಟ್ಸ್ಕಿಯರು ಅದರೊಳಗೆ ಇರಬೇಕು. ಆದರೆ ಅದರ ಬೆಲೆಯೆಲ್ಲ ಒಡೆಯದೆ ಇರುವುದರಲ್ಲಿಯೇ ಇದ್ದುದರಿಂದ, ಹರಾಜಿನ ದಿನ ಯಾರೊಬ್ಬರೂ ಒಳಗಿನ ಒಂದು ಮುಖವನ್ನೂ ಕಂಡಿರಲಿಲ್ಲ.

ಅನುಭವವುಳ್ಳ ಸಂಗ್ರಾಹಕರು ಕಾಲಕ್ರಮದಲ್ಲಿ ಒಂದು ನಡವಳಿಕೆಯನ್ನು ಕಲಿತಿದ್ದಾರೆ. ಹಣವನ್ನು ಮೊದಲು ಹೊರತೆಗೆಯುವುದಿಲ್ಲ. ಕಾರ್ಡನ್ನು ನೋಡುವ ಮೊದಲು ಕಥೆಯನ್ನು ಕೇಳುತ್ತಾರೆ, ಪೂರ್ತಿಯಾಗಿ ಕೇಳುತ್ತಾರೆ. ಒಮ್ಮೆ ಕೇಳಿ, ಇನ್ನೊಮ್ಮೆ ಕೇಳಿ, ಮೂರನೆಯ ಬಾರಿ ಒತ್ತಾಯಿಸದೆ ತಮ್ಮ ವಿಳಾಸ ಬಿಟ್ಟುಬರುತ್ತಾರೆ. ಎದುರಿನವನೂ ಸಂಗ್ರಾಹಕನಾದರೆ, ಅವನ ಪಟ್ಟಿಯಲ್ಲಿ ಕಲ್ಲಿನಂತೆ ಕೂತಿರುವ ಸಂಖ್ಯೆ ಯಾವುದೆಂದು ತಿಳಿದು, ವರ್ಷಗಟ್ಟಲೆ ಅದನ್ನು ಹುಡುಕುತ್ತಾರೆ. ಹಣಕ್ಕೆ ಒಲಿಯದ ಕಾರ್ಡು ಎಷ್ಟೋ ಸಲ ಕಾರ್ಡಿಗೆ ಒಲಿದಿದೆ. ಹಣ ಪಡೆದವನ ಆಲ್ಬಮ್ಮಿನಲ್ಲಿ ಖಾಲಿ ಜಾಗ ಉಳಿಯುತ್ತದೆ, ವಿನಿಮಯದಲ್ಲಿ ಉಳಿಯುವುದಿಲ್ಲ. ಏನೂ ದೊರೆಯದ ಕಡೆಯಲ್ಲಿಯೂ ಎರಡು ಬದಿಗಳ ಛಾಯಾಚಿತ್ರ ತೆಗೆದುಕೊಳ್ಳಲು ಒಪ್ಪಿಗೆ ಬೇಡುತ್ತಾರೆ. ಇದು ಯಾರಿಂದ ಬಂದದ್ದೆಂದು ಬರೆದು ಕಾರ್ಡಿನ ಜೊತೆಯಲ್ಲಿಡಿ ಎಂದು ಒಡೆಯನಿಗೆ ಹೇಳಿ ಬರುತ್ತಾರೆ. ಅವರಿಗೆ ಅದರಿಂದ ಲಾಭವಿಲ್ಲ, ಕಾರ್ಡಿಗೆ ಇದೆ.

ಬಹುಪಾಲು ಸಂಗ್ರಾಹಕರ ಆಲ್ಬಮ್ಮಿನಲ್ಲಿ ಒಂದು ಜಾಗ ಕೊನೆಯವರೆಗೂ ಖಾಲಿಯಾಗಿಯೇ ಇರುತ್ತದೆ. ಕೆಲವರು ಅಲ್ಲಿ ಅಚ್ಚುಹಾಕಿದ ನಕಲನ್ನಿಟ್ಟು ಸಮಾಧಾನಪಡುತ್ತಾರೆ. ಇನ್ನು ಕೆಲವರಿಗೆ ಅದು ಒಗ್ಗದು; ಸಂಖ್ಯೆ ಬರೆದ ಖಾಲಿ ಚೀಟಿಯೊಂದನ್ನು ಮಾತ್ರ ಆ ಜಾಗದಲ್ಲಿಟ್ಟಿರುತ್ತಾರೆ. ಯಾರಾದರೂ ಹುಡುಗನೋ ಹುಡುಗಿಯೋ ಪುಟ ತಿರುವುತ್ತ ಬಂದು ಇಲ್ಲಿ ಏಕೆ ಏನೂ ಇಲ್ಲವೆಂದು ಕೇಳಿದಾಗ, ಮೂವತ್ತೊಂಬತ್ತು ಕಾರ್ಡುಗಳ ಬಗ್ಗೆ ಹೇಳದಷ್ಟು ಕಥೆಯನ್ನು ಅವರು ಆ ಒಂದು ಖಾಲಿ ಜಾಗದ ಬಗ್ಗೆ ಹೇಳುತ್ತಾರೆ.