ಬೆಳಕಿಗೆ ಕಸಿ ಕಟ್ಟುವವರ ಬೀದಿ

ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯನ್ನು ಪೂರ್ತಿ ಹೆಸರು ಹಿಡಿದು ಕರೆಯುವವರು ಅಪರೂಪ. ಆಟೋದವರಿಗೂ ಎಂಜಿನಿಯರಿಂಗ್ ಹುಡುಗರಿಗೂ ಅದು ಬರೀ ‘ಎಸ್.ಪಿ. ರೋಡ್’. ಪುರಭವನದ ಕಡೆಯಿಂದ ನಡೆದೇ ಹೋಗಬಹುದು. 2017ರಲ್ಲಿ ನೆಲದಡಿಯ ಮೆಟ್ರೊ ಓಡತೊಡಗಿದ ಮೇಲೆ ಮಾರ್ಕೆಟ್ ನಿಲ್ದಾಣದಲ್ಲಿ ಇಳಿದೂ ಬರಬಹುದು. ಎರಡು ಕೈಗಾಡಿಗಳು ಎದುರುಬದುರಾದರೆ ಮೂರನೆಯವನು ಯಾವುದಾದರೂ ಅಂಗಡಿಯ ಮೆಟ್ಟಿಲು ಹತ್ತಬೇಕು, ಅಷ್ಟು ಇಕ್ಕಟ್ಟು. ಕಂಪ್ಯೂಟರು, ಕ್ಯಾಮೆರಾ, ಮೋಟಾರು, ಮಾರುದ್ದದ ವೈರು, ಸಾಸಿವೆಯಷ್ಟು ಸಣ್ಣ ರೆಸಿಸ್ಟರು ಎಲ್ಲವೂ ಇಲ್ಲಿ ಉಂಟು.

ಈ ಗದ್ದಲದ ನಡುವೆ ಆಗೊಮ್ಮೆ ಈಗೊಮ್ಮೆ ಬೇರೆಯದೇ ಜಾತಿಯ ಗಿರಾಕಿಯೊಬ್ಬ ಕಾಣಿಸುತ್ತಾನೆ. ಕೈಚೀಲದಲ್ಲಿ ಪಂಚೆಯ ತುಂಡಿನಲ್ಲಿ ಸುತ್ತಿದ ಹಳೆಯ ಲೋಹದ ಟಾರ್ಚು. ಅಪ್ಪ ಬಳಸಿದ್ದೋ ಮಾವ ಕೊಟ್ಟದ್ದೋ ಇರಬೇಕು. ಅವನಿಗೆ ಹೊಸದು ಬೇಡ. ಇದೇ ಟಾರ್ಚಿಗೆ ಹೊಸ ಕಣ್ಣು ಹಾಕಿಸಬೇಕು.

ಇದು ಹುಚ್ಚು ಅನ್ನಿಸಬಹುದು. ಬೀದಿಬದಿಯಲ್ಲಿ ಪ್ಲಾಸ್ಟಿಕ್ ಟಾರ್ಚುಗಳು ರಾಶಿ ಬಿದ್ದಿರುವಾಗ ಹಳೆಯದಕ್ಕೆ ಇಷ್ಟು ಉಪಚಾರವೇಕೆ? ತ್ರೀಫೇಸ್ ಕರೆಂಟು ರಾತ್ರಿಯ ಸರದಿಯಲ್ಲಿ ಬರುವ ಊರಿನ ರೈತನನ್ನು ಕೇಳಿದರೆ ಉತ್ತರ ಸಿಗುತ್ತದೆ. ನಡುರಾತ್ರಿ ಎದ್ದು ಕಬ್ಬಿನ ಗದ್ದೆಯ ಬದುವಿನ ಮೇಲೆ ಪಂಪುಸೆಟ್ಟಿನವರೆಗೆ ನಡೆಯುವವನಿಗೆ ಟಾರ್ಚು ಅಲಂಕಾರದ ವಸ್ತುವಲ್ಲ. ಒಣಗರಿಗಳ ನಡುವೆ ಸುರುಳಿ ಸುತ್ತಿದ ಕೊಳಕುಮಂಡಲ ಒಣಗರಿಯಂತೆಯೇ ಕಾಣುತ್ತದೆ. ಅಗ್ಗದ ಟಾರ್ಚಿನ ಸ್ವಿಚ್ಚು ಒಂದು ಮಳೆಗಾಲಕ್ಕೆ ಕೈಕೊಡುತ್ತದೆ. ಒಳಗಿನ ಬ್ಯಾಟರಿ ಸತ್ತರೆ ಬಿಚ್ಚುವಂತಿಲ್ಲ, ಎಸೆಯಬೇಕು. ಹಳೆಯ ಟಾರ್ಚಿನ ಒಡಲು ಗಟ್ಟಿ, ಬೆಳಕು ಮಾತ್ರ ಮಂಕು. ಗಟ್ಟಿ ಬೇರಿನ ಗಿಡಕ್ಕೆ ಒಳ್ಳೆಯ ಜಾತಿಯ ಕಸಿ ಕಟ್ಟುವುದು ರೈತನಿಗೆ ಗೊತ್ತಿರುವ ವಿದ್ಯೆಯೇ ಅಲ್ಲವೆ?

ನಮ್ಮ ಹಳ್ಳಿಗಳಲ್ಲಿ ಟಾರ್ಚಿಗೆ ‘ಬ್ಯಾಟ್ರಿ’ ಎಂದೇ ಹೆಸರು. ಒಳಗೆ ಹಾಕುವುದು ‘ಶೆಲ್ಲು’. ಅಮೆರಿಕದವರು ಇದನ್ನೇ ‘ಫ್ಲಾಷ್‌ಲೈಟ್’ ಎಂದರು. ಡೇವಿಡ್ ಮಿಸೆಲ್ ಎಂಬಾತನಿಗೆ 1899ರ ಜನವರಿಯಲ್ಲಿ ಅಲ್ಲಿ ಇದರ ಪೇಟೆಂಟು ಸಿಕ್ಕಿದಾಗ ಆ ಕಾಲದ ಸೆಲ್ಲುಗಳು ಎಷ್ಟು ದುರ್ಬಲವೆಂದರೆ ದೀಪವನ್ನು ಒಂದೇ ಸಮನೆ ಉರಿಸುವಂತಿರಲಿಲ್ಲ. ಮಿಂಚಿಸಿ ಆರಿಸಬೇಕಿತ್ತು. ಹೆಸರು ಹಾಗೆ ಬಂತು. ಅದಾದ ಆರು ವರ್ಷಕ್ಕೆ, 1905ರ ಆಗಸ್ಟ್‌ನಲ್ಲಿ, ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದು ಬೀದಿದೀಪಗಳು ಹೊತ್ತಿಕೊಂಡದ್ದು ಇದೇ ಮಾರ್ಕೆಟ್ಟಿನ ಆಸುಪಾಸಿನಲ್ಲಿ. ದೀಪದ ಸಾಮಾನು ಮಾರಲು ಎಸ್.ಪಿ. ರೋಡಿಗಿಂತ ತಕ್ಕ ಜಾಗ ಬೇರೆಲ್ಲಿದೆ!

ಆದರೆ ಸಾಮಾನು ಸಿಗುವುದು ಬೇರೆ, ಕೈ ಸಿಗುವುದು ಬೇರೆ. ‘ಇಲ್ಲಿ ಟಾರ್ಚುಗಳನ್ನು ಸುಧಾರಿಸಿ ಕೊಡಲಾಗುವುದು’ ಎಂಬ ಫಲಕ ಹುಡುಕಿ ಪ್ರಯೋಜನವಿಲ್ಲ. ಕೌಂಟರಿನ ಹಿಂದಿನವರು ವ್ಯಾಪಾರಿಗಳು. ಹಳೆಯ ಟಾರ್ಚು ತೋರಿಸಿದರೆ ಹೊಸದರ ಪೆಟ್ಟಿಗೆ ತೆಗೆಯುತ್ತಾರೆ. ಈ ವಿದ್ಯೆ ಬಲ್ಲವರು ಕೌಂಟರಿನ ಈಚೆ ಬದಿಯಲ್ಲಿ, ಗಿರಾಕಿಗಳ ಗುಂಪಿನಲ್ಲೇ ನಿಂತಿರುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಉಳಿದವರು ಎಲ್‌ಇಡಿಗಳನ್ನು ಡಜನ್ನಿನ ಲೆಕ್ಕದಲ್ಲಿ ಕೊಂಡರೆ ಈತ ಒಂದೇ ಒಂದನ್ನು ಕೇಳುತ್ತಾನೆ. ಅದನ್ನು ತಿರುಗಿಸಿ, ತಳದ ತಗಡು ಅಲ್ಯೂಮಿನಿಯಮ್ಮೋ ತಾಮ್ರವೋ ಎಂದು ನೋಡುತ್ತಾನೆ. ಜತೆಗೆ ಶಾಖ ಸಾಗಿಸುವ ಬಿಳಿ ಪೇಸ್ಟಿನ ಚಿಕ್ಕ ಟ್ಯೂಬೊಂದನ್ನು ಕೊಳ್ಳುತ್ತಾನೆ. ಅಂಗಡಿಯವರಿಗೂ ಇಂಥವರ ಮುಖಪರಿಚಯ ಇರುತ್ತದೆ. ಬಿಡುವಿನ ವೇಳೆಯಲ್ಲಿ ವಿನಯದಿಂದ ಕೇಳಿದರೆ ಹೇಳುತ್ತಾರೆ. ಭಾನುವಾರ ಹೋದರೆ ಮಾತ್ರ ಬಹುಪಾಲು ಬಾಗಿಲುಗಳೇ ತೆರೆದಿರುವುದಿಲ್ಲ.

ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳಂಥ ಕಾರ್ಖಾನೆಗಳಿದ್ದ ಊರು ಇದು. ಲೇತು, ಸೋಲ್ಡರಿಂಗುಗಳಲ್ಲಿ ಪಳಗಿದ ಕೈಗಳಿಗೆ ಇಲ್ಲಿ ಬರವಿಲ್ಲ. ಅವರ ಜತೆಗೆ ಚಾರಣದ ಹುಚ್ಚಿನವರು, ರಾತ್ರಿ ಸೈಕಲ್ ತುಳಿಯುವವರು, ಹ್ಯಾಮ್ ರೇಡಿಯೊ ಹವ್ಯಾಸಿಗಳು. ಯಾರಿಗೂ ಇದು ಹೊಟ್ಟೆಪಾಡಲ್ಲ. ಆದ್ದರಿಂದಲೇ ಅವರನ್ನು ಅವಸರ ಮಾಡುವಂತಿಲ್ಲ.

ನಿಜವಾದ ಕಸುಬುದಾರನನ್ನು ಅವನ ಪ್ರಶ್ನೆಗಳಿಂದಲೇ ಅಳೆಯಬಹುದು. ‘ಎಷ್ಟು ಲ್ಯೂಮೆನ್ ಬೇಕು?’ ಎಂದು ಶುರುಮಾಡುವವನಿಗೆ ದೂರದಿಂದಲೇ ನಮಸ್ಕಾರ ಹೇಳುವುದು ಲೇಸು. ಬಲ್ಲವನು ಕೇಳುವುದು, ಇದರಿಂದ ಏನನ್ನು ನೋಡಬೇಕು, ಎಷ್ಟು ದೂರದಿಂದ ನೋಡಬೇಕು ಎಂದು. ಕಾಲಬುಡದ ಹಾವು ನೋಡುವ ಬೆಳಕು ಬೇರೆ, ತೋಟದ ಆಚೆ ಅಂಚಿನ ಕಾಡುಹಂದಿ ನೋಡುವ ಬೆಳಕು ಬೇರೆ. ದೂರವನ್ನು ಇಮ್ಮಡಿ ಮಾಡಬೇಕಾದರೆ ಅತ್ತ ಸಾಗುವ ಬೆಳಕು ನಾಲ್ಕು ಪಟ್ಟಾಗಬೇಕು. ಇದು ಭೌತಶಾಸ್ತ್ರದ ಲೆಕ್ಕ, ಚೌಕಾಸಿಗೆ ಬಗ್ಗುವುದಿಲ್ಲ.

ಆಮೇಲೆ ಟಾರ್ಚನ್ನು ಬಿಚ್ಚುತ್ತಾನೆ. ಎರಡು ಸೆಲ್ಲಿನ ಹಳೆಯ ಟಾರ್ಚಿನ ಬಲ್ಬು ಸುಮಾರು 1.2 ವ್ಯಾಟ್ ತಿಂದು ಹತ್ತು ಲ್ಯೂಮೆನ್ ಆಸುಪಾಸಿನ ಬೆಳಕು ಕೊಡುತ್ತಿತ್ತು, ಉಳಿದದ್ದೆಲ್ಲ ಶಾಖ. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶೂಜಿ ನಕಾಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿಯನ್ನು ತೋರಿಸಿದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ನೀಲಿಯ ಮೇಲೆ ಹಳದಿ ಹೊಳೆಯುವ ಪುಡಿ ಲೇಪಿಸಿದರೆ ಬಿಳಿ ಬೆಳಕು! 2014ರ ನೊಬೆಲ್ ಪ್ರಶಸ್ತಿಯನ್ನು ಅಕಾಸಾಕಿ ಮತ್ತು ಅಮಾನೊ ಅವರೊಂದಿಗೆ ನಕಾಮುರಾ ಹಂಚಿಕೊಂಡರು. ಇಂದಿನ ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ ನೂರಕ್ಕೂ ಹೆಚ್ಚು ಲ್ಯೂಮೆನ್ ಕೊಡುತ್ತದೆ.

ಹಾಗೆಂದು ಬಲ್ಬು ಕಿತ್ತು ಎಲ್‌ಇಡಿ ಅಂಟಿಸಿದರೆ ಕೆಲಸ ಕೆಡುತ್ತದೆ. ಬಲ್ಬು ತನ್ನ ಶಾಖವನ್ನು ಬಹುಮಟ್ಟಿಗೆ ಸುತ್ತಲೂ ಸೂಸಿ ಕಳೆದುಕೊಳ್ಳುತ್ತದೆ. ಎಲ್‌ಇಡಿಯ ಶಾಖ ಹಿಂದಕ್ಕೆ, ಅದರ ಬುಡಕ್ಕೇ ಇಳಿಯುತ್ತದೆ. ಅದಕ್ಕೆ ದಾರಿ ಮಾಡಿಕೊಡದಿದ್ದರೆ ಬೆಳಕು ಮಂಕಾಗುತ್ತದೆ, ಕೊನೆಗೆ ದೀಪವೇ ಸುಡುತ್ತದೆ. ಪ್ಲಾಸ್ಟಿಕ್ ಟಾರ್ಚು ತಂದವರನ್ನು ಹವ್ಯಾಸಿಗಳು ವಾಪಸು ಕಳಿಸುವುದು ಇದೇ ಕಾರಣಕ್ಕೆ. ಇನ್ನೊಂದು ತೊಡಕೂ ಇದೆ. ಹಳೆಯ ಪ್ರತಿಫಲಕವನ್ನು ರೂಪಿಸಿದ್ದು ಬಲ್ಬಿನ ತಂತಿ ಎಲ್ಲಿ ಉರಿಯುತ್ತದೋ ಆ ಬಿಂದುವಿಗೆ. ಎಲ್‌ಇಡಿ ಅದಕ್ಕಿಂತ ಕೆಳಗೆ ಕೂತರೆ ಬೆಳಕಿನ ನಡುವೆ ಉದ್ದಿನವಡೆಯ ತೂತಿನಂಥ ಕತ್ತಲೆ! ಪಳಗಿದ ಕೈ ಎರಡಕ್ಕೂ ಒಂದೇ ಮದ್ದು ಮಾಡುತ್ತದೆ. ಲೇತಿನಲ್ಲಿ ತಾಮ್ರದ ಪುಟ್ಟ ಕಂಬವೊಂದನ್ನು ಕಡೆದು ಅದರ ನೆತ್ತಿಯ ಮೇಲೆ ಎಲ್‌ಇಡಿಯನ್ನು ಕೂರಿಸುತ್ತದೆ. ಕಂಬ ಬೆಳಕನ್ನು ಸರಿಯಾದ ಎತ್ತರಕ್ಕೆ ಏರಿಸುತ್ತದೆ, ಶಾಖವನ್ನು ಟಾರ್ಚಿನ ಮೈಗೆ ಇಳಿಸುತ್ತದೆ. ಬೆರಳುಗುರಿನಷ್ಟಿರುವ ಈ ತುಂಡಿಗಾಗಿ ಒಂದು ಸಂಜೆಯೇ ಹೋಗಬಹುದು.

ಬಣ್ಣದ ವಿಷಯದಲ್ಲಿ ಹವ್ಯಾಸಿಗಳಿಗೆ ಹಠ ಜಾಸ್ತಿ. ನೀಲಿ ಬೆರೆತ ಬಿಳುಪು ಅಂಗಡಿಯಲ್ಲಿ ಕಣ್ಣು ಕುಕ್ಕುತ್ತದೆ, ತೋಟದಲ್ಲಿ ಎಲ್ಲವನ್ನೂ ಬೂದಿಯ ಬಣ್ಣ ಮಾಡುತ್ತದೆ. ಕಂದು, ಕೆಂಪುಗಳನ್ನು ಬೇರೆಬೇರೆಯಾಗಿ ತೋರುವ ಬೆಚ್ಚನೆಯ ಬಿಳುಪಿಗಾಗಿ ಅವರು ಒಂದಿಷ್ಟು ಲ್ಯೂಮೆನ್ ಬಿಟ್ಟುಕೊಡಲು ಸಿದ್ಧ. ಹಾವಿನ ಮಾತು ನೆನಪಿರುವವರಿಗೆ ಇದು ಸರಿಯೆನಿಸೀತು. ಪುತ್ತೂರು, ಸುಳ್ಯದ ಕಡೆ ನಸುಕಿಗೂ ಮುನ್ನ ತಲೆಗೆ ದೀಪ ಕಟ್ಟಿಕೊಂಡು ರಬ್ಬರ್ ಮರ ಕೆತ್ತುವವರಿಗೂ ತೊಗಟೆಯ ಪದರ ಸರಿಯಾಗಿ ಕಾಣಬೇಕು, ಕಣ್ಣು ಕುಕ್ಕಬಾರದು.

ಎಚ್ಚರ ಬೇಕಾದದ್ದು ಸೆಲ್ಲಿನಲ್ಲಿ. ಹಳೆಯ ದಪ್ಪ ಸೆಲ್ಲು ಸುಮಾರು 34 ಮಿಲಿಮೀಟರ್ ಅಗಲ; ಈಗ ಬಳಕೆಯಲ್ಲಿರುವ 18650 ಲಿಥಿಯಂ ಸೆಲ್ಲು 18 ಮಿಲಿಮೀಟರ್ ಅಗಲ, 65 ಉದ್ದ. ಹೆಸರಿನಲ್ಲೇ ಅಳತೆ ಇದೆ. ಉಳಿದ ಜಾಗಕ್ಕೆ ಪಿವಿಸಿ ಪೈಪಿನ ತುಂಡೊಂದನ್ನು ತೊಡಿಸಿದರೆ ಮುಗಿಯಿತು. ಆದರೆ ಸತ್ತ ಲ್ಯಾಪ್‌ಟಾಪುಗಳಿಂದ ಕಿತ್ತ ಸೆಲ್ಲುಗಳೂ ಹೊಸ ಬಣ್ಣದ ಹೊದಿಕೆ ತೊಟ್ಟು ಮಾರಾಟಕ್ಕೆ ನಿಲ್ಲುತ್ತವೆ. ಈ ಸೆಲ್ಲನ್ನು 4.2 ವೋಲ್ಟ್ ಮೀರಿ ಚಾರ್ಜು ಮಾಡಬಾರದು, ತೀರಾ ಬರಿದಾಗಲೂ ಬಿಡಬಾರದು. ತಪ್ಪಿದರೆ ಕೈಯಲ್ಲೇ ಬೆಂಕಿ ಕಾರುವ ಅಪಾಯ ಉಂಟು. ರಕ್ಷಣೆಯ ಸರ್ಕ್ಯೂಟು ಇಲ್ಲದ ಸೆಲ್ಲನ್ನು ರೈತನ ಕೈಗೆ ಕೊಡಲು ಒಪ್ಪದ ಹವ್ಯಾಸಿಯೇ ನಂಬಿಕೆಗೆ ಅರ್ಹ. ಗಿರಾಕಿ ಎಷ್ಟೇ ಗೋಗರೆದರೂ ಅವನು ಜಗ್ಗುವುದಿಲ್ಲ.

ಕೆಲಸ ಮುಗಿದ ಟಾರ್ಚನ್ನು ಪರೀಕ್ಷಿಸಲು ಬೆಂಗಳೂರಿನಲ್ಲಿ ತಕ್ಕಷ್ಟು ಕತ್ತಲೆಯೇ ಇಲ್ಲ. ಗೋಡೆಯ ಮೇಲೆ ಬೆಳಕು ಬಿಟ್ಟು ನಡುವೆ ತೂತಿಲ್ಲವೆಂದು ನೋಡಬಹುದು, ಹತ್ತು ನಿಮಿಷ ಉರಿಸಿ ಒಡಲು ಎಷ್ಟು ಬಿಸಿಯಾಯಿತೆಂದು ಮುಟ್ಟಬಹುದು, ಅಷ್ಟೆ. ಉಳಿದದ್ದು ಊರಿಗೆ ಹೋದ ಮೇಲೆ. ಅಮಾವಾಸ್ಯೆಯ ರಾತ್ರಿ ಬಾವಿಕಟ್ಟೆಯ ಬಳಿ ನಿಂತು ಎಷ್ಟನೆಯ ತೆಂಗಿನ ಮರದ ಕಾಯಿ ಕಾಣುತ್ತದೆ ಎಂದು ಎಣಿಸಿ ಫೋನು ಮಾಡಬೇಕು. ಲೆಕ್ಕ ಕಡಿಮೆ ಬಿದ್ದರೆ ಟಾರ್ಚು ಮತ್ತೆ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತದೆ.