ಅಣ್ಣನ ಜೀಪು, ಅಕ್ಕನ ಮಗನ ಕಾರು

ಗಂಡಸರು ನಾಲ್ಕು ಜನ ಸೇರಿದ ಕಡೆ ವಾಹನದ ಮಾತು ಬಾರದೆ ಇರುವುದುಂಟೆ? ನಾವು ಹೆಂಗಸರು ಸೀರೆಯ ಅಂಚು, ಸೆರಗು ಎಂದು ಎರಡು ಮಾತಾಡಿದರೆ ಸಾಕು, ‘ನಿಮಗೆ ಬೇರೆ ವಿಷಯವೇ ಇಲ್ಲವೇ’ ಎಂದು ಮೂಗು ಮುರಿಯುವ ಇವರು ಟೈರಿನ ಅಗಲ, ಎಂಜಿನ್ನಿನ ಕುದುರೆಬಲ, ಮೈಲೇಜು ಎಂದು ಮಧ್ಯಾಹ್ನದ ಊಟ ಆರಿಹೋಗುವ ತನಕ ಹರಟುತ್ತಾರೆ. ಬಡಿಸುತ್ತಾ, ತೆಗೆಯುತ್ತಾ ಕೇಳಿಸಿಕೊಂಡೇ ನನಗೂ ಈ ವಿದ್ಯೆ ಅಷ್ಟಿಷ್ಟು ಬಂದುಬಿಟ್ಟಿದೆ. ಕೇಳಿದ್ದು ವ್ಯರ್ಥವಾಗಲಿಲ್ಲ ಎಂಬುದನ್ನು ಹೇಳುವುದಕ್ಕೇ ಈ ಬರಹ ಎನ್ನಿ.

ನಾವಿರುವುದು ಬೆಂಗಳೂರಿನ ಮಹದೇವಪುರದಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸಾಲಾಗಿ ನಿಂತ ಎತ್ತರದ ಗಾಡಿಗಳನ್ನು ನೋಡಿದರೆ ನಾಳೆಯೇ ಎಲ್ಲರೂ ಹಿಮಾಲಯಕ್ಕೆ ಹೊರಡುತ್ತಾರೇನೋ ಅನ್ನಿಸಬೇಕು. ಒಂದರ ನೆತ್ತಿಯ ಮೇಲೆ ಏಣಿ, ಇನ್ನೊಂದರ ಬೆನ್ನಿಗೆ ಗುದ್ದಲಿ. ಅವು ಏರುವ ಅತಿ ದೊಡ್ಡ ಬೆಟ್ಟವೆಂದರೆ ನೆಲಮಾಳಿಗೆಯಿಂದ ರಸ್ತೆಗೆ ಬರುವ ಆ ಇಳಿಜಾರು. ಆಮೇಲೆ ಹೊರವರ್ತುಲ ರಸ್ತೆಯಲ್ಲಿ ಒಂದರ ಹಿಂದೊಂದು ನಿಂತು, ಅಂಗುಲ ಅಂಗುಲವಾಗಿ ತೆವಳಿ ಆಫೀಸು ಸೇರುತ್ತವೆ.

ಈ ವಾದ ನಮ್ಮ ಮನೆಯೊಳಕ್ಕೆ ಬಂದದ್ದು ಅಕ್ಕನ ಮಗನಿಂದ. ಅವನಿರುವುದು ಅಮೆರಿಕದ ಕೊಲರಾಡೊದಲ್ಲಿ. ಅಲ್ಲಿ ಹಿಮ ಬೀಳುತ್ತದೆ, ಬೆಟ್ಟಗಳಿವೆ, ಹಳೆಯ ಗಣಿಗಳಿಗೆ ಹೋಗುವ ಕಲ್ಲುದಾರಿಗಳಿವೆ. ಅವನದೊಂದು ಸುಬಾರು ಕಾರು. ಅದನ್ನು ಎರಡು ಅಂಗುಲ ಎತ್ತರಿಸಿ, ಒರಟು ಹಲ್ಲಿನ ಟೈರು ಹಾಕಿಸಿ, ಎಂಜಿನ್ನಿನ ಹೊಟ್ಟೆಗೆ ಕಬ್ಬಿಣದ ತಗಡು ಕಟ್ಟಿಸಿದ್ದಾನೆ. ಭಾನುವಾರ ಭಾನುವಾರ ವೀಡಿಯೊ ಕರೆಯಲ್ಲಿ ಆ ಕಾರಿನ ದರ್ಶನ ನಮಗೆಲ್ಲ ಆಗಲೇಬೇಕು. ‘ಮಾವ, ನಿಮ್ಮ ಜೀಪು ಹೋಗುವ ಕಡೆಯೆಲ್ಲ ಇದೂ ಹೋಗುತ್ತೆ. ಮೇಲಿಂದ ಸೊಂಟವೂ ನೋಯಲ್ಲ’ ಎಂದು ಅವನು ಅಲ್ಲಿಂದ; ‘ನಮ್ಮ ಓರೆಕಾಲುವೆ ದಾಟಿಸು, ಆಮೇಲೆ ಮಾತಾಡು’ ಎಂದು ಸಕಲೇಶಪುರದ ಆಚೆಯ ತೋಟದ ಮನೆಯಿಂದ ನಮ್ಮಣ್ಣ.

ಸುಬಾರು ಎಂದರೆ ಏನು ಗೊತ್ತೆ? ಜಪಾನಿ ಭಾಷೆಯಲ್ಲಿ ಅದು ಕೃತ್ತಿಕಾ ನಕ್ಷತ್ರಪುಂಜದ ಹೆಸರು. ಕಾರಿನ ಮೂತಿಯ ಮೇಲೆ ಆರು ನಕ್ಷತ್ರಗಳೂ ಇವೆ. ಇದನ್ನು ಅವ್ವನಿಗೆ ಹೇಳಿದಾಗ ಎಂಬತ್ತಾರು ವರ್ಷದ ಆಕೆ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ, ‘ಕೃತ್ತಿಕೆ ಮಳೆಯಲ್ಲಿ ಯಾವ ಗಾಡಿಯಾದರೂ ಬರ್ತದೆ. ಪುಷ್ಯ ಮಳೆಗೆ ಏನು ಮಾಡ್ತಾನಂತೆ?’ ಎಂದಳು. ಮಲೆನಾಡಿನವರಿಗೆ ಈ ಮಾತಿನ ಅರ್ಥ ಹೇಳಬೇಕಿಲ್ಲ. ಕೃತ್ತಿಕೆ ಮೇ ತಿಂಗಳ ಮಳೆ, ನೆಲ ನೆನೆದರೆ ಹೆಚ್ಚು. ಪುಷ್ಯ ಜುಲೈ ಆಗಸ್ಟಿನದು. ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ, ದಾರಿ ಕೊಚ್ಚಿ ಕಲ್ಲು ಎದ್ದು ನಿಲ್ಲುತ್ತವೆ.

ಭಾರತದಲ್ಲಿ ಸುಬಾರು ಎಂಬ ಹೆಸರಿನ ಕಾರನ್ನು ನಮ್ಮ ಅಣ್ಣ ನೋಡಿದವನೇ ಅಲ್ಲ. ಅವರ ಫಾರೆಸ್ಟರ್ ಎಂಬ ಕಾರು ಎರಡು ಸಾವಿರದ ದಶಕದಲ್ಲಿ ಕೆಲವು ವರ್ಷ ಷೆವ್ರೊಲೆ ಎಂಬ ಬಿಲ್ಲೆ ಅಂಟಿಸಿಕೊಂಡು ಇಲ್ಲಿಯೂ ಮಾರಾಟವಾಗಿತ್ತು, ಅಷ್ಟೆ. ಅಣ್ಣನದು ಮಾರುತಿ ಜಿಪ್ಸಿ. ನಮ್ಮೂರಲ್ಲಿ ಅದನ್ನೂ ಜೀಪು ಎಂದೇ ಕರೆಯುತ್ತಾರೆ. 1985ರಲ್ಲಿ ಮೊದಲು ಬಂದ ಈ ಗಾಡಿಯ ಹಳೆಯ ಮಾದರಿಯ ಎಂಜಿನ್ನು 970 ಸಿಸಿ, ಒಂದು ಲೀಟರೂ ಇಲ್ಲ. ಕುದುರೆಬಲ ಸುಮಾರು ನಲವತ್ತೈದು. ಅಕ್ಕನ ಮಗನ ಕಾರಿನದು ಇದರ ಮೂರು ಪಟ್ಟಿಗೂ ಹೆಚ್ಚು. ಹಾಗಿದ್ದರೂ ಅಣ್ಣನಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು?

ಅಡುಗೆಮನೆಯಿಂದಲೇ ಹೇಳುತ್ತೇನೆ, ಬೇಗ ತಿಳಿಯುತ್ತದೆ. ಮಿಕ್ಸಿ ಇದೆ, ವೆಟ್ ಗ್ರೈಂಡರ್ ಇದೆ. ಮಿಕ್ಸಿಗೆ ಬಲ ಕಡಿಮೆಯೇನಿಲ್ಲ, ಗಿರ್ರನೆ ತಿರುಗುತ್ತದೆ. ಆದರೆ ಎರಡು ಸೇರು ಉದ್ದು ಸುರಿದು ಒಂದು ಗಂಟೆ ಓಡಿಸಿ ನೋಡಿ, ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ಗ್ರೈಂಡರಿನ ಗುಂಡು ನಿಧಾನ; ಆದರೆ ಏನು ಹಾಕಿದರೂ ಬೇಸರಿಸುವುದಿಲ್ಲ. ಜಿಪ್ಸಿಯಲ್ಲಿ ಗೇರಿನ ಕಡ್ಡಿಯ ಪಕ್ಕ ಇನ್ನೊಂದು ಪುಟ್ಟ ಕಡ್ಡಿ ಇರುತ್ತದೆ. ಅದನ್ನು ‘4ಎಲ್’ ಎಂಬಲ್ಲಿಗೆ ಹಾಕಿದರೆ ಗಾಡಿ ನಾಲ್ಕೂ ಚಕ್ರ ಊರಿ, ಮನುಷ್ಯ ನಡೆಯುವ ವೇಗದಲ್ಲಿ ತೆವಳುತ್ತದೆ. ವೇಗ ಕಡಿಮೆಯಾದಷ್ಟೂ ಚಕ್ರಕ್ಕೆ ಸಿಗುವ ತಿರುಗುಬಲ ಹೆಚ್ಚು. ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ ಎಂಜಿನ್ನೇ ಹಿಡಿದು ಇಳಿಸುತ್ತದೆ. ಇದು ಗ್ರೈಂಡರ್. ಸುಬಾರುವಿನ ನಾಲ್ಕೂ ಚಕ್ರಕ್ಕೆ ಸದಾ ಬಲ ಹೋಗುತ್ತಲೇ ಇರುತ್ತದೆ. ಹಿಮದಲ್ಲಿ, ಒದ್ದೆ ರಸ್ತೆಯಲ್ಲಿ, ಜಲ್ಲಿ ದಾರಿಯಲ್ಲಿ ಅದರ ಹಿಡಿತಕ್ಕೆ ನಮ್ಮ ಜೀಪು ಸಮವಲ್ಲ. 1972ರಲ್ಲೇ ಸಾಧಾರಣ ಕಾರಿನಂಥದಕ್ಕೆ ನಾಲ್ಕು ಚಕ್ರದ ಚಾಲನೆ ಕೊಟ್ಟ ಕಂಪನಿ ಅದು. ಆದರೆ ಅಮೆರಿಕದಲ್ಲಿ ಈಗ ಮಾರುವ ಅವರ ಕಾರುಗಳಲ್ಲಿ ಆ ಪುಟ್ಟ ಕಡ್ಡಿ ಇಲ್ಲ. ಕಡಿದಾದ ಕಲ್ಲುದಾರಿಯಲ್ಲಿ ಬಹಳ ಹೊತ್ತು ತೆವಳಿಸಿದರೆ ಗೇರುಪೆಟ್ಟಿಗೆ ಮಿಕ್ಸಿಯ ಹಾಗೆ ಕಾಯುತ್ತದೆ. ಆಸ್ಟ್ರೇಲಿಯಾದಲ್ಲಿ ಮಾರಿದ ಕೆಲವು ಹಳೆಯ ಸುಬಾರುಗಳಿಗೆ ಆ ಕಡ್ಡಿ ಇತ್ತಂತೆ ಎಂದು ಅಕ್ಕನ ಮಗನೇ ಒಮ್ಮೆ ನಿಟ್ಟುಸಿರು ಬಿಟ್ಟಿದ್ದ.

ಇನ್ನು ಎತ್ತರಿಸುವ ವಿಷಯ. ಇದು ಹೈಹೀಲ್ಡ್ ಚಪ್ಪಲಿ ಹಾಕಿದ ಹಾಗೆ. ಎತ್ತರ ಕಾಣುತ್ತೇವೆ, ಕೆಸರು ಸೀರೆಗೆ ತಾಗುವುದಿಲ್ಲ, ನಿಜ. ಆದರೆ ಕಾಲು ಉದ್ದವಾಗುವುದಿಲ್ಲ, ಹೆಜ್ಜೆಯೂ ದೊಡ್ಡದಾಗುವುದಿಲ್ಲ. ಸ್ಪ್ರಿಂಗಿನ ಮೇಲೆ ಬಿಲ್ಲೆ ಇಟ್ಟು ಕಾರನ್ನು ಎತ್ತಿದರೆ ಹೊಟ್ಟೆ ಕಲ್ಲಿಗೆ ತಾಗುವುದು ತಪ್ಪುತ್ತದೆ. ಚಕ್ರ ಹಳ್ಳಕ್ಕೆ ಇಳಿದು ನೆಲ ಹುಡುಕುವ ಶಕ್ತಿ ಮಾತ್ರ ಹೆಚ್ಚುವುದಿಲ್ಲ. ಜೊತೆಗೆ ಚಕ್ರ ತಿರುಗಿಸುವ ಆಕ್ಸಲ್ಲಿನ ಗಿಣ್ಣುಗಳು ಓರೆಯಾಗಿ ಬೇಗ ಸವೆಯುತ್ತವೆ, ತಿರುವಿನಲ್ಲಿ ಕಾರು ವಾಲುತ್ತದೆ. ನಮ್ಮ ದೇಶದಲ್ಲಿ ಕಾನೂನೂ ಅಡ್ಡ ಬರುತ್ತದೆ. ಕಂಪನಿ ಮಾಡಿಕೊಟ್ಟ ವಾಹನದ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ.

ನನ್ನ ಮಗ ಈ ಯಾವುದನ್ನೂ ಕೇಳಲಿಲ್ಲ. ಅಣ್ಣತಮ್ಮಂದಿರ ಪೈಪೋಟಿ ನೋಡಿ, ಅಮೆರಿಕದವನ ಮಾತಿಗೆ ಮರುಳಾಗಿ, ಎರಡೇ ಚಕ್ರಕ್ಕೆ ಬಲ ಹೋಗುವ ತನ್ನ ಕಾರಿಗೂ ಬಿಲ್ಲೆ ಹಾಕಿಸಿದ. ಆ ಆಗಸ್ಟಿನಲ್ಲಿ ತೋಟಕ್ಕೆ ಹೊರಟೆವು. ಟಾರು ರಸ್ತೆ ಬಿಟ್ಟ ಮೇಲೆ ಮನೆಗೆ ಮೂರು ಕಿಲೋಮೀಟರು ಮಣ್ಣುದಾರಿ. ಮಳೆನೀರು ದಾರಿ ಕೊಚ್ಚದಿರಲೆಂದು ಅದಕ್ಕೆ ಅಡ್ಡಡ್ಡ ಓರೆಯಾಗಿ ತೋಡಿದ ಕಾಲುವೆಗಳಿವೆ. ಮೊದಲನೆಯದನ್ನು ದಾಟುವಾಗಲೇ ಮುಂದಿನ ಎಡಚಕ್ರ, ಹಿಂದಿನ ಬಲಚಕ್ರ ಗಾಳಿಯಲ್ಲಿ ನೇತಾಡಿದವು. ಎಂಜಿನ್ನು ಅರಚಿತು, ನೇತಾಡುವ ಚಕ್ರ ರೊಯ್ಯನೆ ತಿರುಗಿತು, ಕಾರು ಕದಲಲಿಲ್ಲ. ಡಿಫರೆನ್ಷಿಯಲ್ ಎಂಬ ಪೆಟ್ಟಿಗೆಯ ಸ್ವಭಾವವೇ ಹಾಗೆ. ತಿರುವಿನಲ್ಲಿ ಒಂದು ಚಕ್ರ ಹೆಚ್ಚು, ಒಂದು ಕಡಿಮೆ ತಿರುಗಲೆಂದು ಇಟ್ಟ ಆ ಪೆಟ್ಟಿಗೆ, ನೆಲ ಮುಟ್ಟದ ಚಕ್ರಕ್ಕೇ ತಿರುಗುವ ಅವಕಾಶವನ್ನೆಲ್ಲ ಕೊಟ್ಟುಬಿಡುತ್ತದೆ. ಕೂಡುಕುಟುಂಬದಲ್ಲಿ ಕೆಲಸ ಮಾಡದವನ ಎಲೆಗೇ ತುಪ್ಪ ಹೆಚ್ಚು ಬೀಳುವ ಹಾಗೆ.

ಅಣ್ಣ ಜೀಪು ತಂದು ಎಳೆದ. ನ್ಯಾಯವಾಗಿ ಹೇಳಬೇಕೆಂದರೆ ಅವನ ಜೀಪಿಗೂ ಅದೇ ಪೆಟ್ಟಿಗೆ, ಅದೇ ದೋಷ. ಎರಡು ಚಕ್ರ ಗಾಳಿಯಲ್ಲಿದ್ದರೆ ಅದೂ ನಿಲ್ಲುತ್ತದೆ. ಹೊಸ ಸುಬಾರುಗಳು ಸುಮ್ಮನೆ ತಿರುಗುವ ಚಕ್ರಕ್ಕೆ ತಾವೇ ಬ್ರೇಕು ಹಾಕಿ ನೆಲದ ಮೇಲಿರುವ ಚಕ್ರಕ್ಕೆ ಬಲ ಕೊಡುತ್ತವೆ. 2020ರಲ್ಲಿ ಬಂದ ಹೊಸ ಥಾರ್, 2023ರಲ್ಲಿ ಬಂದ ಜಿಮ್ನಿಗಳಿಗೂ ಆ ಬುದ್ಧಿ ಇದೆ. ಅಣ್ಣನ ಜೀಪಿಗೆ ಆ ಬುದ್ಧಿಯಿಲ್ಲ. ಎಲ್ಲಿ ಯಾವ ಕಲ್ಲಿದೆ, ಯಾವ ಕಾಲುವೆಗೆ ಎಷ್ಟು ಓರೆಯಾಗಿ ಇಳಿಯಬೇಕು ಎಂಬ ಬುದ್ಧಿ ಅಣ್ಣನಿಗೆ ಇದೆ.

ಎತ್ತರದ ವಾಹನದ ಜಂಬ ಮಹದೇವಪುರದಲ್ಲಿ ಇಳಿದದ್ದನ್ನೂ ನಾನು ನೋಡಿದ್ದೇನೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ನಿಮಗೆ ನೆನಪಿರಬಹುದು. ಕೆರೆಗಳು ತುಂಬಿ, ರಾಜಕಾಲುವೆ ಉಕ್ಕಿ, ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳೆಲ್ಲ ಜಲಾವೃತ. ಕೋಟಿ ಬೆಲೆಯ ಕಾರುಗಳು ಮುಳುಗಿ ನಿಂತಿದ್ದವು. ಕಂಪ್ಯೂಟರ್ ಕಂಪನಿಯ ನೌಕರರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರು! ಎಂಜಿನ್ನೂ ನಮ್ಮಂತೆ ಉಸಿರಾಡುವ ಜೀವ; ಗಾಳಿ ಎಳೆಯುವ ಮೂಗಿಗೆ ನೀರು ಹೋದರೆ ಅಲ್ಲಿಗೆ ಮುಗಿಯಿತು. ಹೊಸ ಥಾರ್ 650 ಮಿಲಿಮೀಟರು, ಎಂದರೆ ಎರಡು ಅಡಿ ಚಿಲ್ಲರೆ ನೀರಿನ ತನಕ ಹೋಗಬಲ್ಲದು ಎಂದು ಕಂಪನಿ ಹೇಳುತ್ತದೆ. ಅದಕ್ಕೂ ಮೇಲೆ ಬಂದರೆ ನೊಗ ನೇಗಿಲಿನ ವಂಶದ ಟ್ರ್ಯಾಕ್ಟರೇ ಗತಿ.

ಇದೆಲ್ಲ ಹರಟೆಯಾಗಿಯೇ ಉಳಿಯುತ್ತಿತ್ತು, ಹೋದ ಮಳೆಗಾಲದ ಆ ರಾತ್ರಿ ಬಾರದಿದ್ದರೆ. ಅವ್ವನಿಗೆ ಉಸಿರು ಕಟ್ಟಿತು. ಫೋನು ಮಾಡಿದರೆ ಆಂಬುಲೆನ್ಸ್ ಟಾರು ರಸ್ತೆಯ ತನಕ ಬಂದು ನಿಂತಿತು. ಅದರ ಮೇಲಿನ ಮೂರು ಕಿಲೋಮೀಟರು ಯಾವ ಆಂಬುಲೆನ್ಸೂ ಏರುವ ದಾರಿಯಲ್ಲ. ಅರವತ್ತೆಂಟು ವರ್ಷದ ಅಣ್ಣ, ಮಂಡಿನೋವು, ಒಂದು ಕಣ್ಣಿಗೆ ಪೊರೆ. ಅತ್ತಿಗೆ ಮಳೆಯಲ್ಲಿ ಟಾರ್ಚು ಹಿಡಿದು ಮುಂದೆ ನಡೆದಳು, ಅಣ್ಣ ಆ ಬೆಳಕಿನ ಹಿಂದೆ ಜೀಪು ತೆವಳಿಸಿದ. ನಲವತ್ತು ನಿಮಿಷ ಹಿಡಿಯಿತಂತೆ. ಅವ್ವ ಬದುಕಿದಳು.

ಆಸ್ಪತ್ರೆಯಿಂದ ಬಂದ ಮೇಲೆ ಮನೆಮಂದಿಯೆಲ್ಲ ಕೂತು ಒಂದೇ ಮಾತು: ಅಣ್ಣನಿಗೆ ಇನ್ನು ಜೀಪು ಓಡಿಸಲಾಗದು, ಅದನ್ನು ಮಾರಿಬಿಡೋಣ, ಅವ್ವನನ್ನು ಮಹದೇವಪುರಕ್ಕೆ ಕರೆತರೋಣ. ಕೊಲರಾಡೊದಿಂದ ಸಲಹೆ, ಹೊಸ ಗಾಡಿ ಕೊಳ್ಳಿ ಎಂದು. ಕೊಂಡರೆ ಓಡಿಸುವವರು ಯಾರು ಎಂದು ಕೇಳಿದರೆ ಅಲ್ಲಿಂದ ಉತ್ತರವಿಲ್ಲ. ಅವ್ವ ಎಲ್ಲವನ್ನೂ ಕೇಳಿ, ‘ನಿಮ್ಮ ಒಂಬತ್ತನೇ ಮಹಡಿಯಲ್ಲಿ ನನಗೆ ಅಂಗಳ ಎಲ್ಲಿದೆ? ನಾನು ಬರಲ್ಲ’ ಎಂದಳು. ಗಂಡಸರು ಅಣ್ಣನ ಮುಖ ನೋಡಿದರು, ಅಣ್ಣ ನೆಲ ನೋಡಿದ. ಆಗ ಒಲೆಯ ಮುಂದಿನಿಂದ ಅತ್ತಿಗೆಯ ದನಿ: ‘ಆ ಜೀಪಿನ ಪುಟ್ಟ ಕಡ್ಡಿ ನನ್ನ ಕೈಗೆ ಕೊಟ್ಟರೆ ಏನು ಮುರಿದು ಹೋಗ್ತದಾ?’

ಅರವತ್ತು ದಾಟಿದ ಅತ್ತಿಗೆ! ಸಕಲೇಶಪುರ, ಮಡಿಕೇರಿಯ ಕಡೆ ತೋಟದ ಹೆಂಗಸರು ಜೀಪು ಓಡಿಸುವುದು ಹೊಸದೇನಲ್ಲ. ನಮ್ಮ ಮನೆಯಲ್ಲಿ ಮಾತ್ರ ಆ ಚಾವಿ ಗಂಡಸರ ಗೂಟಕ್ಕೇ ನೇತಾಡುತ್ತಿತ್ತು. ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸು ಮಾಡಿಸಿದ ಮೇಲೆ ಚಳಿಗಾಲ ಪೂರ್ತಿ ಪಾಠ. ನನಗೆ ಲೈಸೆನ್ಸು ಮೊದಲೇ ಇತ್ತು. ತಿಂಗಳಿಗೊಮ್ಮೆ ಹೋಗಿ ನಾನೂ ಪಕ್ಕದಲ್ಲಿ ಕೂತು ಕಲಿತೆ. ಈ ಹಳೆಯ ಜಿಪ್ಸಿಯಲ್ಲಿ ಒಂದು ಕಿರಿಕಿರಿಯುಂಟು. ಮಣ್ಣುದಾರಿ ಬಂದಾಗ ಕೆಳಗಿಳಿದು ಮುಂದಿನ ಎರಡೂ ಚಕ್ರದ ನಡುವಿನ ಗುಂಡಿಯನ್ನು ಕೈಯಲ್ಲಿ ತಿರುಗಿಸಿ ‘ಲಾಕ್’ ಮಾಡಬೇಕು. ಟಾರಿಗೆ ಬಂದಾಗ ‘ಫ್ರೀ’. ಗಂಡಸರು ಇದನ್ನು ಮರೆತು ಬೈದುಕೊಳ್ಳುವುದನ್ನು ನೋಡಿದ್ದೇನೆ. ಅತ್ತಿಗೆ ಒಮ್ಮೆಯೂ ಮರೆಯಲಿಲ್ಲ. ರಾತ್ರಿ ಮಲಗುವ ಮುನ್ನ ಗ್ಯಾಸ್ ಸಿಲಿಂಡರಿನ ಗುಂಡಿ ನಲವತ್ತು ವರ್ಷ ತಿರುಗಿಸಿದ ಕೈಯಲ್ಲವೆ ಅದು! ಅವಸರವಿಲ್ಲದೆ ತೆವಳಿಸುವುದೂ ಆಕೆಗೆ ಬೇಗ ಒಗ್ಗಿತು. ‘ಎಂಜಿನ್ನು ಬೇಡ ಅಂದಾಗ ನಾನೂ ನಿಲ್ತೀನಿ, ಹ್ಞೂ ಅಂದಾಗ ಹೋಗ್ತೀನಿ’ ಎನ್ನುತ್ತಾಳೆ.

ಅಕ್ಕನ ಮಗ ಡಿಸೆಂಬರಿನಲ್ಲಿ ಬಂದಿದ್ದ. ಮಾವನ ಜೀಪಿನಲ್ಲಿ ಓರೆಕಾಲುವೆ ದಾಟಲು ಹೋಗಿ ಎರಡು ಸಲ ನಿಲ್ಲಿಸಿದ. ಅತ್ತಿಗೆ ಇಳಿದು ಹಿಂದಿನ ಚಕ್ರದಡಿ ಒಂದು ಕಲ್ಲಿಟ್ಟು, ‘ಈಗ ಬಿಡಪ್ಪ, ನಿಧಾನ’ ಎಂದಳು. ದಾಟಿತು. ‘ಅತ್ತೆ, ನಿಮ್ಮನ್ನೇ ನನ್ನ ಕಾರಿಗೆ ಕೂರಿಸಿಕೊಂಡು ಹೋಗಬೇಕು’ ಎಂದು ನಕ್ಕ ಹುಡುಗ, ಸುಬಾರುವಿನ ಮಾತು ಮತ್ತೆ ಎತ್ತಲಿಲ್ಲ. ಅವನ ಊರಿನ ಹಿಮಕ್ಕೆ ಅವನ ಕಾರೇ ಸರಿ ಎಂದು ಅಣ್ಣನೂ ಒಪ್ಪಿಕೊಂಡ. ನನ್ನ ಮಗ ಕಾರಿನ ಬಿಲ್ಲೆಗಳನ್ನು ಬಿಚ್ಚಿಸಿ ಹಾಕಿದ. ಈಗ ತೋಟಕ್ಕೆ ಹೋದರೆ ಕಾರನ್ನು ಟಾರು ರಸ್ತೆಯ ಪಕ್ಕದ ಅಂಗಡಿಯ ಮುಂದೆ ಬಿಟ್ಟು ಅತ್ತೆಗೆ ಫೋನು ಮಾಡುತ್ತಾನೆ.

ಈ ಸಲದ ಪುಷ್ಯ ಮಳೆ ಶುರುವಾದ ವಾರ ಅತ್ತಿಗೆಯ ಫೋನು ಬಂತು. ಹಿಂದೆ ಎಲ್ಲೋ ಜೀರುಂಡೆಯ ಸದ್ದು, ಹಂಚಿನ ಮೇಲೆ ಮಳೆಯ ಸದ್ದು. ‘ಅವ್ವಂಗೆ ಇವತ್ತು ಡಾಕ್ಟರ ಹತ್ತಿರ ಹೋಗೋದಿತ್ತು. ನಿಮ್ಮಣ್ಣನ್ನೂ ಹಿಂದೆ ಕೂರಿಸಿಕೊಂಡು ಹೋಗಿದ್ದೆ, ಅವರ ಕಣ್ಣೂ ತೋರಿಸಿ ಬಂದೆ’ ಎಂದಳು. ದಾರಿ ಹೇಗಿತ್ತು ಎಂದು ಕೇಳಿದೆ. ‘ದಾರಿ ಎಲ್ಲಿದೆ, ಎಲ್ಲಾ ಕಲ್ಲೇ’ ಎಂದು ನಕ್ಕು, ಒಲೆಯ ಮೇಲೆ ಸಾರು ಉಕ್ಕುತ್ತಿದೆ ಎಂದು ಫೋನಿಟ್ಟಳು.